ಪಕ್ಕದಲ್ಲಿ ಕೂತು ಸುಮ್ಮನೆ ನೋಡಿ: ಆ್ಯಪ್ ಪರೀಕ್ಷೆ ಮಾಡುವುದು ಹೇಗೆ?

ಹೊಸ ಆ್ಯಪ್ ಮಾಡಿದವರು ಅದನ್ನು ಜನರಿಗೆ ತೋರಿಸುವ ರೀತಿ ನೋಡಿದರೆ ನನಗೆ ಬೇಸರವಾಗುತ್ತದೆ. ಫೋನ್ ತಮ್ಮ ಕೈಯಲ್ಲೇ ಹಿಡಿದುಕೊಂಡಿರುತ್ತಾರೆ. ‘ಇಲ್ಲಿ ಒತ್ತಿದ್ರೆ ಇದು ಬರುತ್ತೆ, ಅಲ್ಲಿ ಒತ್ತಿದ್ರೆ ಅದು ಬರುತ್ತೆ’ ಎಂದು ಹೇಳುತ್ತಾ ಹೋಗುತ್ತಾರೆ. ಕೊನೆಗೆ ‘ಹೇಗಿದೆ ಸಾರ್?’ ಅಂತ ಕೇಳುತ್ತಾರೆ. ಎದುರಿಗಿದ್ದವರು ‘ಚೆನ್ನಾಗಿದೆ’ ಅನ್ನುತ್ತಾರೆ. ಮುಖದ ಮೇಲೆ ಬೇರೇನು ಹೇಳುವುದಕ್ಕಾಗುತ್ತದೆ? ಅಲ್ಲಿಗೆ ಪರೀಕ್ಷೆ ಮುಗಿಯಿತು ಎಂದುಕೊಂಡು ಆ್ಯಪ್ ಬಿಡುಗಡೆ ಮಾಡಿಬಿಡುತ್ತಾರೆ. ಆಮೇಲೆ ಯಾರೋ ಒಬ್ಬರು ಎರಡನೇ ಪರದೆಯಲ್ಲೇ ಸಿಕ್ಕಿಹಾಕಿಕೊಂಡು, ಪಕ್ಕದ ಮನೆ ಹುಡುಗನನ್ನು ಕೂಗಿ ಕರೆಯುವುದು ಇವರ ಕಿವಿಗೆ ಬೀಳುವುದೇ ಇಲ್ಲ.

ಫೋನ್ ಬಳಸುವವರ ಕೈಯಲ್ಲಿರಬೇಕು. ಮಾತಾಡುವವರು ಅವರಾಗಿರಬೇಕು. ನೀವು ನೋಡುತ್ತಾ ಕೂರಬೇಕು. ಇದಕ್ಕೆ ದೊಡ್ಡ ಲ್ಯಾಬ್ ಬೇಡ, ಜಾಸ್ತಿ ದುಡ್ಡೂ ಬೇಡ. ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ: ತಾಲ್ಲೂಕು ಊರಿನ ನರ್ಸಿಂಗ್ ಹೋಮ್‌ಗೆ ಮನೆಯಿಂದಲೇ ಟೋಕನ್ ತೆಗೆದುಕೊಳ್ಳುವ ಆ್ಯಪ್.

1. ಬೇಗ ಶುರು ಮಾಡಿ

ಆ್ಯಪ್ ಪೂರ್ತಿ ಸಿದ್ಧವಾಗಲಿ ಎಂದು ಕಾಯಬೇಡಿ. ಕಾಗದದ ಮೇಲೆ ಬರೆದ ಪರದೆಗಳಿದ್ದರೂ ಸಾಕು.

2. ಐದು ಜನರನ್ನು ಹುಡುಕಿ

ಐದೇ ಯಾಕೆ? ಇಂಥ ಪರೀಕ್ಷೆಗಳ ಬಗ್ಗೆ ಸಂಶೋಧನೆ ಮಾಡಿದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಹಲವು ಪರೀಕ್ಷೆಗಳ ಫಲಿತಾಂಶ ಒಟ್ಟಿಗಿಟ್ಟು ಲೆಕ್ಕ ಹಾಕಿದರು. ಒಬ್ಬರು ಬಳಸುವುದನ್ನು ನೋಡಿದರೆ ಸರಾಸರಿ ಶೇ 31ರಷ್ಟು ತೊಂದರೆಗಳು ಕಣ್ಣಿಗೆ ಬೀಳುತ್ತವೆ. ಐದನೆಯವರು ಮುಗಿಸುವಷ್ಟರಲ್ಲಿ ಸುಮಾರು ಶೇ 85 ಸಿಕ್ಕಿರುತ್ತವೆ. ಆಮೇಲೆ ಬಂದವರೆಲ್ಲ ಬಹುಪಾಲು ಅದೇ ಜಾಗಗಳಲ್ಲಿ ಎಡವುತ್ತಾರೆ. ಇದು ಸರಾಸರಿ ಲೆಕ್ಕ, ದೊಡ್ಡ ಆ್ಯಪ್‌ಗಳಲ್ಲಿ ಇಷ್ಟು ಸಿಗದೇ ಇರಬಹುದು. ಹಾಗಾಗಿ 15 ಜನರಿಗೆ ಆಗುವಷ್ಟು ದುಡ್ಡಿದ್ದರೆ ಎಲ್ಲರನ್ನೂ ಒಂದೇ ಸಲ ಕರೆಯಬೇಡಿ. ಐದು ಜನರನ್ನು ನೋಡಿ, ಸರಿಪಡಿಸಿ, ಮತ್ತೆ ಐದು ಜನರನ್ನು ಕರೆಯಿರಿ. ನೀಲ್ಸನ್ 2000ದಲ್ಲಿ ಬರೆದ ಸಲಹೆಯೂ ಇದೇ.

ಆಫೀಸಿನ ಸಹೋದ್ಯೋಗಿಗಳು ಬೇಡ, ಎಂಜಿನಿಯರಿಂಗ್ ಓದುತ್ತಿರುವ ತಮ್ಮನೂ ಬೇಡ. ಟೋಕನ್ ತೆಗೆದುಕೊಳ್ಳುವವರು ಬೇರೆ, ಕೌಂಟರ್‌ನಲ್ಲಿ ಕೂತು ಟೋಕನ್ ಕೂಗುವವರು ಬೇರೆ. ಇಬ್ಬರಿಗೂ ಆ್ಯಪ್ ಇದ್ದರೆ ಎರಡೂ ಕಡೆಯಿಂದ ಐದೈದು ಜನ ಬೇಕು. ಬಂದವರ ಸಮಯಕ್ಕೆ ದುಡ್ಡು ಕೊಡಿ, ಅದನ್ನೂ ಶುರುವಿನಲ್ಲೇ ಕೊಟ್ಟುಬಿಡಿ. ಕೊನೆಗೆ ಕೊಡುತ್ತೀರಿ ಅಂದರೆ ಹೊಗಳಿದರಷ್ಟೇ ಸಿಗುತ್ತದೇನೋ ಎಂಬ ಅನುಮಾನ ಅವರಿಗೆ ಇದ್ದೇ ಇರುತ್ತದೆ.

3. ಕೆಲಸ ಕೊಡಿ, ದಾರಿ ಹೇಳಬೇಡಿ

‘ಅಪಾಯಿಂಟ್‌ಮೆಂಟ್ ಬುಕ್ ಮಾಡಿ’ ಎಂದು ಕೇಳುತ್ತಾರೆ. ಪರದೆಯ ಮೇಲೂ ‘ಅಪಾಯಿಂಟ್‌ಮೆಂಟ್ ಬುಕ್ ಮಾಡಿ’ ಎಂಬ ಬಟನ್ ಇರುತ್ತದೆ. ಎರಡನ್ನೂ ಹೊಂದಿಸಿ ಒತ್ತುವುದಕ್ಕೆ ಏನು ಕಷ್ಟ? ಪರದೆಯ ಮೇಲಿರುವ ಒಂದು ಪದವೂ ನಿಮ್ಮ ಪ್ರಶ್ನೆಯಲ್ಲಿ ಬರಬಾರದು. ಹೀಗೆ ಕೇಳಿ: ‘ನಿಮ್ಮ ಅತ್ತೆಗೆ ಮಂಡಿ ನೋವು. ನಾಳೆ ಬೆಳಿಗ್ಗೆ ಮೂಳೆ ಡಾಕ್ಟರಿಗೆ ತೋರಿಸ್ಬೇಕು. ಇದರಲ್ಲಿ ಏನು ಮಾಡ್ತೀರಿ?’ ಇಂಥ ಮೂರ್ನಾಲ್ಕು ಸಂದರ್ಭಗಳನ್ನು ಬೇರೆ ಬೇರೆ ಚೀಟಿಗಳಲ್ಲಿ ಬರೆದಿಟ್ಟುಕೊಳ್ಳಿ.

4. ಅವರ ಫೋನ್‌ನಲ್ಲೇ ನೋಡಿ

ನಿಮ್ಮ ಹೊಸ ಫೋನ್ ಕೊಟ್ಟರೆ ಅರ್ಧ ತೊಂದರೆಗಳು ಅಡಗಿಕೊಳ್ಳುತ್ತವೆ. ಕಣ್ಣು ಮಂಜಾದವರು ಅಕ್ಷರ ದೊಡ್ಡದು ಮಾಡಿಟ್ಟುಕೊಂಡಿರುತ್ತಾರೆ. ಅಂಥ ಫೋನ್‌ನಲ್ಲಿ ‘ಮುಂದಕ್ಕೆ’ ಎಂಬ ಬಟನ್ನಿನ ಒತ್ತಕ್ಷರ ಕೆಳಗೆ ಕತ್ತರಿಸಿಹೋಗಿರುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಬಟನ್ ಮಾಡಿ, ಆಮೇಲೆ ಕನ್ನಡ ತುರುಕಿದರೆ ಹೀಗೇ ಆಗುತ್ತದೆ.

ರೆಕಾರ್ಡ್ ಮಾಡುವುದಕ್ಕೆ ಫೋನ್‌ನಲ್ಲೇ ಇರುವ ಸ್ಕ್ರೀನ್ ರೆಕಾರ್ಡರ್ ಸಾಕು. ಮೊದಲು ಒಪ್ಪಿಗೆ ಕೇಳಿ. ಅವರಿಗೆ ಬರುವ ಮೆಸೇಜ್‌ಗಳು, ಓಟಿಪಿ ಎಲ್ಲ ಅದರಲ್ಲಿ ಸೇರಿಕೊಳ್ಳಬಹುದು ಎಂಬುದನ್ನೂ ಬಾಯಿಬಿಟ್ಟು ಹೇಳಿ. ನಿಜವಾದ ಹಣ ಪಾವತಿ ಬೇಡ.

ಇಲ್ಲಿ ಒಂದು ಮಾತು. ‘ಜನ ಎಲ್ಲಿ ಒತ್ತುತ್ತಾರೆ ಅಂತ ಬಣ್ಣದ ನಕ್ಷೆ ಕೊಡ್ತೀವಿ’ ಎನ್ನುವ ಸಾಫ್ಟ್‌ವೇರ್‌ಗಳಿವೆ. ಎಲ್ಲಿ ಒತ್ತಿದರು ಅಂತ ಅವು ತೋರಿಸುತ್ತವೆ, ಯಾಕೆ ಒತ್ತಿದರು ಅಂತ ಹೇಳುವುದಿಲ್ಲ. ಈಗ ಎಐ ಬಳಸಿ ಕೃತಕ ಬಳಕೆದಾರರನ್ನು ಮಾಡಿ ಪರೀಕ್ಷೆ ನಡೆಸುವವರೂ ಬಂದಿದ್ದಾರೆ. ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ಎಲೆ ಅಡಿಕೆ ಚೀಲದಿಂದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಓಟಿಪಿ ಓದುವಷ್ಟರಲ್ಲಿ ಅದರ ಸಮಯ ಮುಗಿದುಹೋಗುವುದು ಆ ಕೃತಕ ಬಳಕೆದಾರನಿಗೆ ಗೊತ್ತಿರುವುದಿಲ್ಲ.

5. ಮಾತಾಡಿಸಿ

‘ಮನಸ್ಸಿಗೆ ಬಂದದ್ದನ್ನೆಲ್ಲ ಹೇಳ್ತಾ ಇರಿ’ ಎಂದು ಕೇಳಿಕೊಳ್ಳುವುದು ಈ ಪರೀಕ್ಷೆಯ ಹಳೆಯ ಪದ್ಧತಿ. ಇದರ ಬುಡದಲ್ಲಿರುವುದು ಆ್ಯಂಡರ್ಸ್ ಎರಿಕ್ಸನ್ ಮತ್ತು ಹರ್ಬರ್ಟ್ ಸೈಮನ್ ಎಂಬ ಇಬ್ಬರು ಸಂಶೋಧಕರು 1980ರಲ್ಲಿ ಪ್ರಕಟಿಸಿದ ಕೆಲಸ. ತಲೆಯಲ್ಲಿ ಓಡುತ್ತಿರುವುದನ್ನು ಹಾಗೇ ಹೇಳಿದರೆ ಯೋಚನೆಯ ಹಾದಿ ಕೆಡುವುದಿಲ್ಲ, ‘ಯಾಕೆ ಹಾಗೆ ಮಾಡಿದಿರಿ’ ಎಂದು ಕಾರಣ ಕೇಳಿದರೆ ಕೆಡುತ್ತದೆ ಎಂಬುದು ಅವರ ವಾದ. ಆದ್ದರಿಂದ ‘ಯಾಕೆ’ ಅನ್ನುವುದನ್ನು ಕೊನೆಗೆ ಇಟ್ಟುಕೊಳ್ಳಿ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಹೊಸಬರ ಮುಂದೆ ತಮ್ಮಷ್ಟಕ್ಕೆ ತಾವು ಮಾತಾಡುವುದೆಂದರೆ ಜನರಿಗೆ ಮುಜುಗರ. ಅದಕ್ಕೆ ನನಗೆ ತುಂಬಾ ಇಷ್ಟವಾದ ಉಪಾಯ ಇಬ್ಬರನ್ನು ಜೊತೆಗೆ ಕೂರಿಸುವುದು. ತಾಯಿ-ಮಗಳು, ಅಕ್ಕ-ತಂಗಿ, ಯಾರಾದರೂ ಸರಿ. ‘ಅಯ್ಯೋ, ಅದಲ್ಲ ಕಣೇ, ಮೇಲಿರೋದು’ ಎಂದು ಅವರವರೇ ಮಾತಾಡಿಕೊಳ್ಳುತ್ತಾರೆ. ಅಮೆರಿಕದ ಜೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿ ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್ 1980ರ ದಶಕದಲ್ಲಿ ಮಾಡಿದ್ದೂ ಇದನ್ನೇ. ನಕಲು ತೆಗೆಯುವ ಯಂತ್ರದ ಮುಂದೆ ಇಬ್ಬಿಬ್ಬರನ್ನು ನಿಲ್ಲಿಸಿ, ಅವರು ಒದ್ದಾಡುವುದನ್ನು ವಿಡಿಯೊ ಮಾಡಿದರು. ಕಂಪ್ಯೂಟರ್ ವಿಜ್ಞಾನಿಗಳೇ ಆ ಯಂತ್ರದ ಮುಂದೆ ತಡವರಿಸಿದ್ದರು.

ದಾಕ್ಷಿಣ್ಯ ಬಿಡಿಸುವುದಕ್ಕೆ ನಮ್ಮ ದೇಶದಲ್ಲೇ ಹುಟ್ಟಿದ ಇನ್ನೊಂದು ದಾರಿಯಿದೆ. ಅಪಲಾ ಲಾಹಿರಿ ಚವಾಣ್ ಎಂಬ ತಜ್ಞೆ ಅದಕ್ಕೆ ಬಾಲಿವುಡ್ ವಿಧಾನ ಎಂದು ಹೆಸರಿಟ್ಟರು. ಸಪ್ಪೆ ಕೆಲಸದ ಬದಲು ಸಿನಿಮಾ ಕಥೆ ಕೊಡುತ್ತಾರೆ: ಅಣ್ಣನ ಮಗಳ ಮದುವೆ ಹತ್ತಿರ ಬಂದಿದೆ, ವರ ಸುಪಾರಿ ಕೊಲೆಗಾರ ಅಂತ ಈಗ ಗೊತ್ತಾಗಿದೆ, ಅವನಿಗೆ ಮೊದಲೇ ಮದುವೆಯೂ ಆಗಿದೆ, ಅವನ ಹೆಂಡತಿಯನ್ನು ಕರೆದುಕೊಂಡು ನೀವು ಕೂಡಲೇ ಬೆಂಗಳೂರಿಗೆ ಟಿಕೆಟ್ ಬುಕ್ ಮಾಡಬೇಕು! ಕಥೆಯೊಳಗೆ ಹೊಕ್ಕ ಜನ ಮರ್ಯಾದೆ ಮರೆತು, ಪರೀಕ್ಷೆಗಿಟ್ಟ ಟಿಕೆಟ್ ವೆಬ್‌ಸೈಟನ್ನು ಚೆನ್ನಾಗಿ ಬೈಯುತ್ತಿದ್ದರು.

6. ಸುಮ್ಮನಿರಿ

ಕಷ್ಟವಿರುವುದು ಇಲ್ಲಿ. ಬಹುತೇಕ ಪರೀಕ್ಷೆಗಳು ಹಾಳಾಗುವುದೂ ಇಲ್ಲೇ.

ಐವತ್ತು ದಾಟಿದ ಒಬ್ಬರು ಟೋಕನ್ ಪುಟದಲ್ಲಿ ಹೆಸರು ತುಂಬಿಸುತ್ತಿದ್ದರು. ಹೆಸರಿನ ಜಾಗ ಮುಟ್ಟಿದ ಕೂಡಲೇ ಕೀಬೋರ್ಡ್ ಮೇಲೆ ಬಂತು, ‘ಮುಂದಕ್ಕೆ’ ಬಟನ್ ಅದರ ಹಿಂದೆ ಮರೆಯಾಯಿತು. ಅವರು ಹೆಸರು ಹಾಕಿದರು. ಆಮೇಲೆ ಕೀಬೋರ್ಡ್‌ನಲ್ಲಿರುವ ಟಿಕ್ ಗುರುತು ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡು, ಬೆರಳಿಂದಲೇ ತಪ್ಪಾಗಿದೆ ಎನ್ನುವ ಹಾಗೆ, ಇನ್ನೊಮ್ಮೆ ಒತ್ತಿದರು. ಪಕ್ಕದಲ್ಲಿ ಕೂತಿದ್ದ ಎಂಜಿನಿಯರ್‌ಗೆ ತಡೆಯಲಾಗಲಿಲ್ಲ. ‘ಅಮ್ಮಾ, ಸ್ವಲ್ಪ ಮೇಲಕ್ಕೆ ತಳ್ಳಿ’ ಎಂದರು. ಬಟನ್ ಕಾಣಿಸಿತು, ಕೆಲಸ ಮುಗಿಯಿತು, ಎಲ್ಲರೂ ನಕ್ಕರು. ಆದರೆ ಮನೆಯಲ್ಲಿ ಒಬ್ಬರೇ ಇದ್ದಿದ್ದರೆ ಆ ತಾಯಿ ಮುಂದೇನು ಮಾಡುತ್ತಿದ್ದರು ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಫೋನ್ ಕೆಳಗಿಡುತ್ತಿದ್ದರಾ? ಹಿಂದಕ್ಕೆ ಹೋಗಿ, ತುಂಬಿಸಿದ್ದೆಲ್ಲ ಕಳೆದುಕೊಳ್ಳುತ್ತಿದ್ದರಾ? ನೋಡಬೇಕಾಗಿದ್ದದ್ದು ಅದನ್ನೇ.

ಆದ್ದರಿಂದ ಶುರುವಿನಲ್ಲೇ ಹೇಳಿ: ‘ನಾವು ನೋಡ್ತಿರೋದು ಆ್ಯಪನ್ನ, ನಿಮ್ಮನ್ನಲ್ಲ. ನಿಮಗೆ ಗೊತ್ತಾಗ್ಲಿಲ್ಲ ಅಂದ್ರೆ ಅದು ನಮ್ಮ ತಪ್ಪು. ಮಧ್ಯೆ ನಾನು ಸಹಾಯ ಮಾಡಲ್ಲ, ಬೇಜಾರು ಮಾಡ್ಕೋಬೇಡಿ.’ ಅವರು ‘ಇದನ್ನ ಒತ್ತಲಾ ಅಪ್ಪಾ?’ ಎಂದು ಖಂಡಿತ ಕೇಳುತ್ತಾರೆ. ‘ಹೂಂ’ ಅನ್ನಬೇಡಿ, ‘ಬೇಡ’ ಅಂತಲೂ ಅನ್ನಬೇಡಿ. ‘ನಾನು ಇಲ್ಲಿ ಇಲ್ದಿದ್ರೆ ಏನು ಮಾಡ್ತಿದ್ರಿ?’ ಅನ್ನಿ. ಅವರು ಬಹಳ ಹೊತ್ತು ಮೌನವಾದರೆ ‘ಹೇಳ್ತಾ ಇರಿ’ ಅನ್ನಿ. ಅಷ್ಟೇ.

ಬಾಯಿ ಮುಚ್ಚಿಕೊಂಡರೆ ಸಾಲದು. ಸರಿಯಾದ ಬಟನ್ ಹತ್ತಿರ ಬೆರಳು ಹೋದಾಗ ನಿಮ್ಮ ತಲೆ ತಾನಾಗಿ ಆಡುತ್ತದೆ, ತಪ್ಪಿದಾಗ ಉಸಿರು ಬಿಡುತ್ತೀರಿ. ಜನ ಇದನ್ನೆಲ್ಲ ಗಮನಿಸುತ್ತಾರೆ. ಎದುರಿಗೆ ಕೂರದೆ ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ ಕೂರಿ. ಅವರು ತಪ್ಪಿದಾಗ ಮಾತ್ರ ಪೆನ್ನು ಓಡಿಸಿದರೆ ಪರೀಕ್ಷೆ ಹಾಲ್‌ನಲ್ಲಿ ಕೂತ ಹಾಗೆ ಬೆವರುತ್ತಾರೆ, ಆದ್ದರಿಂದ ಉದ್ದಕ್ಕೂ ಏನಾದರೂ ಬರೆಯುತ್ತಲೇ ಇರಿ. ಕೋಣೆಯಲ್ಲಿ ನಿಮ್ಮನ್ನು ಬಿಟ್ಟರೆ ಟಿಪ್ಪಣಿ ಬರೆಯುವ ಇನ್ನೊಬ್ಬರಿರಲಿ, ಸಾಕು. ಆ್ಯಪ್ ಬರೆದ ಎಂಜಿನಿಯರುಗಳು ಇದನ್ನು ನೋಡಲೇಬೇಕು, ಆದರೆ ಬೇರೆ ಕೋಣೆಯಲ್ಲಿ ಕೂತು ವಿಡಿಯೊ ಕಾಲ್‌ನಲ್ಲಿ ನೋಡಲಿ, ಮೈಕ್ ಆಫ್ ಇರಲಿ.

ಎಷ್ಟು ಹೊತ್ತು ಬಿಡಬೇಕು? ಹೊಸದೇನಾದರೂ ಪ್ರಯತ್ನಿಸುತ್ತಿದ್ದಾರೆ ಅನ್ನುವವರೆಗೆ ಬಿಡಿ. ಮಾಡಿದ್ದನ್ನೇ ಮಾಡುತ್ತಾ, ಮುಖ ಬಾಡುತ್ತಿದ್ದರೆ ನಿಲ್ಲಿಸಿ. ‘ಇಷ್ಟು ಸಾಕಮ್ಮಾ, ನಮಗೆ ಬೇಕಾದದ್ದು ಸಿಕ್ತು’ ಎಂದು ಮುಂದಿನ ಚೀಟಿ ಕೊಡಿ. ಯಾರೂ ತಾವು ದಡ್ಡರು ಅಂದುಕೊಂಡು ಎದ್ದು ಹೋಗಬಾರದು.

7. ಕಂಡದ್ದನ್ನು ಬರೆಯಿರಿ

‘ಗೊಂದಲವಾಯಿತು’ ಎಂದು ಬರೆದರೆ ನಾಳೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಡಾಕ್ಟರ್ ಫೋಟೊ ಎರಡು ಸಲ ಒತ್ತಿದರು, ಏನೂ ಆಗಲಿಲ್ಲ, ಹಿಂದಕ್ಕೆ ಹೋದರು’ ಎಂದು ಬರೆಯಿರಿ. ಕೈ ಮಾಡಿದ್ದಕ್ಕೂ ಬಾಯಿ ಹೇಳಿದ್ದಕ್ಕೂ ತಾಳೆ ಆಗದಿದ್ದರೆ ಕೈಯನ್ನೇ ನಂಬಿ. ಎಲ್ಲೆಂದರಲ್ಲಿ ಸಿಕ್ಕಿಕೊಂಡವರೂ ಕೊನೆಗೆ ‘ಸುಲಭ ಇದೆ’ ಅನ್ನುತ್ತಾರೆ. ಬಳಸುವುದು ಎಷ್ಟು ಸುಲಭ ಅನ್ನಿಸಿತು ಎಂದು ತಿಳಿಯಲು ಜಾನ್ ಬ್ರೂಕ್ ಎಂಬವರು 1986ರಲ್ಲಿ 10 ಹೇಳಿಕೆಗಳ ಪಟ್ಟಿ ರೂಪಿಸಿದರು. ಕೊನೆಗೆ ಬಳಸಿದವರಿಂದ ಅದಕ್ಕೆ ಅಂಕ ಹಾಕಿಸುವ ರೂಢಿ ಇವತ್ತಿಗೂ ಇದೆ. ಎರಡು ಆವೃತ್ತಿಗಳನ್ನು ಹೋಲಿಸುವುದಕ್ಕೆ ಅದು ಒಳ್ಳೆಯದೇ, ಆದರೆ ಎಲ್ಲಿ ಎಡವಿದರು ಅಂತ ಅದು ಹೇಳುವುದಿಲ್ಲ.

8. ಅದೇ ದಿನ ಕೂತು ಮಾತಾಡಿ

ಉದ್ದ ವರದಿ ಬೇಡ, ಅದನ್ನು ಯಾರೂ ಓದುವುದಿಲ್ಲ. ಐದನೆಯವರು ಹೋದ ಮೇಲೆ ನೋಡಿದವರೆಲ್ಲ ಸೇರಿ. ಪ್ರತಿಯೊಬ್ಬರೂ ತಮಗೆ ಕಂಡ ದೊಡ್ಡ ಮೂರು ತೊಂದರೆ ಹೇಳಲಿ. ಟೋಕನ್ ಸಿಗದ ಹಾಗೆ ಮಾಡಿದವು ಮೊದಲು, ತಡ ಮಾಡಿಸಿದವು ಆಮೇಲೆ, ಬಣ್ಣ ಇಷ್ಟವಾಗಲಿಲ್ಲ ಎಂಬಂಥವು ಕೊನೆಗೆ. ಸರಿಪಡಿಸುವಾಗ ‘ಇಲ್ಲಿ ಒಂದು ಸೂಚನೆ ಬರೆದುಬಿಡೋಣ’ ಎಂಬ ಅಡ್ಡದಾರಿ ಹಿಡಿಯಬೇಡಿ, ಅವಸರದಲ್ಲಿರುವವರು ಸೂಚನೆ ಓದುವುದಿಲ್ಲ. ಕೀಬೋರ್ಡ್ ಬಂದಾಗ ಬಟನ್ ಅದರ ಮೇಲೆ ಕಾಣುವಂತೆ ಮಾಡಿ.

ಮುಂದಿನ ಸುತ್ತಿಗೆ ಹೊಸ ಐದು ಜನರನ್ನೇ ಕರೆಯಿರಿ. ಹಳಬರಿಗೆ ದಾರಿ ಗೊತ್ತಾಗಿಬಿಟ್ಟಿರುತ್ತದೆ.