ಹೊಸ ಬೆಲ್ಟ್ ಬಂದ ಮೇಲೆ ಕಸಬರಿಗೆ ಹಿಡಿಯೋರು ಯಾರು?

ಭಾನುವಾರ ಕರಾಟೆ ಕ್ಲಾಸಿನ ಗ್ರೇಡಿಂಗ್, ಅಂದರೆ ಬೆಲ್ಟ್ ಪರೀಕ್ಷೆ, ಮುಗಿಯಿತು, ನಿಮಗೆ ಹೊಸ ಬೆಲ್ಟ್ ಸಿಕ್ಕಿತು. ಮೊದಲು ಖುಷಿಪಡಿ. ಫೋಟೊ ತೆಗೆಸಿಕೊಳ್ಳಿ, ಸ್ಟೇಟಸ್ಸಿಗೆ ಹಾಕಿ, ಅಜ್ಜಿಗೆ ತೋರಿಸಿ. ತಿಂಗಳುಗಟ್ಟಲೆ ಬೆವರು ಸುರಿಸಿದ್ದೀರಿ, ಖುಷಿಪಟ್ಟರೆ ಅದು ಅಹಂಕಾರ ಆಗೋದಿಲ್ಲ. ಅಹಂಕಾರ ಶುರುವಾಗೋದು ಸೋಮವಾರ ಬೆಳಿಗ್ಗೆ. ಕ್ಲಾಸಿಗೆ ಕಾಲಿಡ್ತೀರಿ, ಮೂಲೆಯಲ್ಲಿ ಕಸಬರಿಗೆ ಇರುತ್ತದೆ, ಅದನ್ನು ನೋಡಿಯೂ ನೋಡದ ಹಾಗೆ ಹೋಗಿ ಮುಂದಿನ ಸಾಲಿನಲ್ಲಿ ನಿಲ್ತೀರಲ್ಲ, ಅಲ್ಲಿ.

ನಮ್ಮ ಕ್ಲಾಸ್ ನಡೆಯೋದು ವಿಜಯಪುರದ ಒಂದು ಶಾಲೆಯ ಹಾಲ್‌ನಲ್ಲಿ. ಇಲ್ಲಿನ ಧೂಳು ಇಲ್ಲಿಯವರಿಗೆ ಗೊತ್ತು, ರಾತ್ರಿ ಕಿಟಕಿ ಹಾಕಿ ಹೋದರೂ ಬೆಳಿಗ್ಗೆ ನೆಲದ ಮೇಲೆ ಹೆಜ್ಜೆ ಮೂಡುವಷ್ಟು ಕೂತಿರುತ್ತದೆ. ಬರಿಗಾಲಲ್ಲಿ ಮಾಡೋ ಅಭ್ಯಾಸ, ಗುಡಿಸದೆ ಆಗೋದಿಲ್ಲ. ನಾನು ಸೇರಿ 18 ವರ್ಷ ಆಯಿತು, ಪ್ರತಿ ಬ್ಯಾಚಿನಲ್ಲೂ ಒಂದೇ ಕಥೆ: ಹೊಸದಾಗಿ ಸೇರಿದ ವೈಟ್ ಬೆಲ್ಟ್ ಗುಡಿಸುತ್ತದೆ, ನಡುವಿನ ಗ್ರೀನ್ ಬೆಲ್ಟ್ ನಿಂತು ನೋಡುತ್ತದೆ, ಬ್ಲ್ಯಾಕ್ ಬೆಲ್ಟಿನ ಹೊಸ್ತಿಲಲ್ಲಿರೋ ಬ್ರೌನ್ ಬೆಲ್ಟ್ ಮೊಬೈಲ್ ನೋಡುತ್ತದೆ. ಇದನ್ನು ಯಾರೂ ಹೇಳಿಕೊಟ್ಟಿಲ್ಲ. ದೊಡ್ಡವರನ್ನು ನೋಡಿ ಸಣ್ಣವರು ಕಲಿತದ್ದು, ಅಷ್ಟೇ.

ಹಾಗಾಗಿ ಮೊದಲ ಕೆಲಸ ಇದು. ಹೊಸ ಬೆಲ್ಟ್ ಕಟ್ಟಿದ ಮೇಲೆ ಒಂದು ತಿಂಗಳು 10 ನಿಮಿಷ ಬೇಗ ಹೋಗಿ ನೀವೇ ಗುಡಿಸಿ. ಯಾರಿಗೂ ಹೇಳಬೇಡಿ. ಸಣ್ಣ ಹುಡುಗರು ಓಡಿ ಬಂದು "ಕೊಡ್ರಿ ಅಣ್ಣಾರ, ನಾ ಮಾಡ್ತೀನಿ" ಅಂತಾರೆ. ಇನ್ನೊಂದು ಕಸಬರಿಗೆ ತಂದುಕೊಡಿ, ನಿಮ್ಮ ಕೈಯಲ್ಲಿರೋದನ್ನು ಬಿಡಬೇಡಿ.

ಬೆಲ್ಟ್ ಯಾತಕ್ಕೆ ಇದೆ

ಇದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಕೆಲಸ ಮುಗೀತು. 40 ಮಕ್ಕಳು ಸಾಲಾಗಿ ನಿಂತಾಗ ಯಾರಿಗೆ ಯಾವ ಕಟಾ (ಒಬ್ಬರೇ ಕ್ರಮವಾಗಿ ಮಾಡೋ ಚಲನೆಗಳ ಸರಣಿ) ಹೇಳಿಕೊಡಬೇಕು, ಯಾರ ಜೊತೆ ಯಾರನ್ನು ಜೋಡಿ ಹಾಕಬೇಕು ಅಂತ ಸರ್‌ಗೆ ದೂರದಿಂದಲೇ ಗೊತ್ತಾಗಬೇಕಲ್ವಾ, ಅದಕ್ಕೆ ಈ ಬಣ್ಣ. ಶಾಲೆಯ ಬಾಗಿಲ ಮೇಲೆ 4ನೇ ಕ್ಲಾಸ್, 5ನೇ ಕ್ಲಾಸ್ ಅಂತ ಬರೆದಿರುತ್ತಾರಲ್ಲ, ಹಾಗೆ. ಕಲಿಸುವವರ ಅನುಕೂಲಕ್ಕೆ ಮಾಡಿದ ಗುರುತನ್ನು ನಾವು ನಮ್ಮ ಬೆಲೆ ಅಂದುಕೊಂಡು ಬಿಡ್ತೇವೆ.

ಕರಾಟೆಯಲ್ಲಿ ಇದು ಹಳೆಯ ಪದ್ಧತಿಯೂ ಅಲ್ಲ. ಮೊದಲು ಡಾನ್, ಅಂದರೆ ಈಗ ಬ್ಲ್ಯಾಕ್ ಬೆಲ್ಟಿನವರಿಗೆ ಇರೋ ದರ್ಜೆ, ಕೊಟ್ಟಿದ್ದು ಜೂಡೋದಲ್ಲಿ. ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ 1883ರಲ್ಲಿ ಇಬ್ಬರು ಶಿಷ್ಯರಿಗೆ ಕೊಟ್ಟರು. ಕರಾಟೆ ಗುರು ಗಿಚಿನ್ ಫುನಾಕೋಶಿ ಜಪಾನಿನ ದಕ್ಷಿಣದ ಒಕಿನಾವಾ ದ್ವೀಪದಲ್ಲಿ ಕರಾಟೆ ಕಲಿಯುವಾಗ ಬೆಲ್ಟ್ ಅನ್ನೋ ಏರ್ಪಾಡೇ ಇರಲಿಲ್ಲ. ಅವರು 1922ರಲ್ಲಿ ಟೋಕಿಯೋಗೆ ಬಂದರು, ಕಾನೊ ಅವರ ಪದ್ಧತಿ ನೋಡಿ 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಬಾರಿ ಡಾನ್ ಕೊಟ್ಟರು. ಬಣ್ಣ ಬಣ್ಣದ ಬೆಲ್ಟ್‌ಗಳು ಹೆಚ್ಚು ಬಳಕೆಗೆ ಬಂದದ್ದು ಯುರೋಪಿನ ಜೂಡೋ ಕ್ಲಾಸ್‌ಗಳಲ್ಲಿ, ಅದರಲ್ಲೂ 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಕಲಿಸುತ್ತಿದ್ದ ಜಪಾನಿ ಗುರು ಕವಾಯ್‌ಶಿ ಅವರಿಂದ. ನಾವು ಜೀವ ಕೊಡೋ ಆ ಹಳದಿ, ಹಸಿರಿಗೆ ಇನ್ನೂ ನೂರು ವರ್ಷದ ಆಸುಪಾಸಿನ ವಯಸ್ಸು.

ಲೆಕ್ಕವನ್ನೂ ನೋಡಿ. ಬ್ಲ್ಯಾಕ್ ಬೆಲ್ಟಿಗೆ ಮುಂಚಿನ ದರ್ಜೆಗಳಿಗೆ ಕ್ಯೂ ಅಂತಾರೆ, ಅದರ ಸಂಖ್ಯೆ ಇಳಿಯುತ್ತಾ ಬರುತ್ತದೆ, ಕೊನೆಗೆ 1ನೇ ಕ್ಯೂ. ಅದಾದ ಮೇಲೆ ಬ್ಲ್ಯಾಕ್ ಬೆಲ್ಟ್ ಬಂತು ಅಂದರೆ ಮತ್ತೆ 1ನೇ ಡಾನ್. ಅದರ ಜಪಾನಿ ಹೆಸರು ಶೋಡಾನ್, ಅಂದರೆ ಮೊದಲ ಮೆಟ್ಟಿಲು. ಅಕ್ಷರ ಕಲಿತು ಮುಗೀತು, ಇನ್ನು ಓದೋಕೆ ಕೂತುಕೋ ಅಂತ ಹೇಳಿದ ಹಾಗೆ. ಇನ್ನು ದೊಡ್ಡ ಪಂದ್ಯಗಳಲ್ಲಿ ಗಮನಿಸಿ, ವಿಶ್ವ ಕರಾಟೆ ಫೆಡರೇಶನ್ ನಿಯಮದಲ್ಲಿ ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ನೀಲಿ ಬೆಲ್ಟ್. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲೂ ಹಾಗೇ ಆಡಿದರು. ಅವರಲ್ಲಿ ಯಾರು ಎಷ್ಟನೇ ಡಾನ್ ಅಂತ ಸೊಂಟ ನೋಡಿ ಹೇಳೋಕೆ ಆಗೋದೇ ಇಲ್ಲ.

ಬಣ್ಣಗಳ ಕ್ರಮವೂ ಎಲ್ಲ ಕಡೆ ಒಂದೇ ಇರೋದಿಲ್ಲ. ಒಂದು ಕ್ಲಾಸಿನ ಪರ್ಪಲ್ ಬೆಲ್ಟ್ ಪಕ್ಕದ ರಸ್ತೆಯ ಕ್ಲಾಸಿನಲ್ಲಿ ಇರೋದೇ ಇಲ್ಲ. ಹೀಗಿರುವಾಗ ಹೊಸಬರು ಸಿಕ್ಕ ಕೂಡಲೇ "ಯಾವ ಬೆಲ್ಟ್ ಐತಿ ನಿಂದು?" ಅಂತ ಕೇಳೋ ಚಟ ಬಿಡಿ. "ಈಗ ಏನ್ ಕಲಿಯಾಕತ್ತಿ?" ಅಂತ ಕೇಳಿ. ಮಾತು ಎಷ್ಟು ಬೇರೆ ಕಡೆ ಹೋಗುತ್ತದೆ ನೋಡಿ.

ಕುಮಿತೆ: ಇಬ್ಬರು ಎದುರುಬದುರಾಗಿ ಆಡೋದು

ಅಹಂಕಾರ ಬಾಯಲ್ಲಿ ಕಾಣೋದು ಕಡಿಮೆ, ಕೈಯಲ್ಲಿ ಕಾಣೋದೇ ಜಾಸ್ತಿ. ಇದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ.

ಆಗ ನಾನು ಬ್ರೌನ್ ಬೆಲ್ಟ್, 22 ವರ್ಷ. ಕ್ಲಾಸಿಗೆ ಮಗನನ್ನು ಬಿಡೋಕೆ ಬರುತ್ತಿದ್ದವರೊಬ್ಬರು ತಾವೂ ಸೇರಿದ್ದರು, ನಲವತ್ತು ದಾಟಿದವರು, ಎಲ್ಲರೂ ಕಾಕಾ ಅಂತ ಕರೀತಿದ್ದೆವು. ಅವರದು ಯೆಲ್ಲೋ ಬೆಲ್ಟ್. ಒಂದು ದಿನ ಸರ್ ನಮ್ಮಿಬ್ಬರನ್ನು ಜೋಡಿ ಹಾಕಿದರು. ಕಾಕಾ ಹೊಡೆದ ಒಂದು ಪಂಚ್ ನೇರವಾಗಿ ನನ್ನ ಎದೆಗೆ ಬಂತು. ಒಳ್ಳೆ ಪಂಚ್. ಗೋಡೆಗೆ ಒರಗಿ ಕೂತಿದ್ದ ಇಬ್ಬರು ಹುಡುಗರು ಕಿಸಕ್ ಅಂತ ನಕ್ಕರು. ಅರ್ಧ ನಿಮಿಷವೂ ಆಗಿರಲಿಲ್ಲ, ನನ್ನ ಕೈ ಅವರ ಬಾಯಿಗೆ ಹೋಗಿತ್ತು. ತುಟಿ ಒಡೆದು ಬಿಳಿ ಡ್ರೆಸ್ ಮೇಲೆ ರಕ್ತ ಬಿತ್ತು. "ಕಂಟ್ರೋಲ್ ತಪ್ಪಿತು ಕಾಕಾ" ಅಂದೆ. ಅವರು ಬಾಯಿ ಒರೆಸಿಕೊಳ್ಳುತ್ತಾ "ಇರ್ಲಿ ಬಿಡೋ ತಮ್ಮಾ, ಆಟದಾಗ ಆಗ್ತೈತಿ" ಅಂದರು.

ಕಂಟ್ರೋಲ್ ತಪ್ಪಿರಲಿಲ್ಲ. ಅದು ನನಗೆ ಗೊತ್ತಿತ್ತು. ಮೂರು ವಾರ ಅವರು ಬರಲಿಲ್ಲ, ಮಗನೂ ಬರಲಿಲ್ಲ. ಕೊನೆಗೆ ಒಂದು ಸಂಜೆ ಅವರ ಮನೆಗೆ ಹೋಗಿ, ಬೇಕಂತಲೇ ಹೊಡೆದಿದ್ದೆ, ಅವತ್ತು ಸುಳ್ಳು ಹೇಳಿದ್ದೆ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಗೊತ್ತಿತ್ತು" ಅಂದರು. ಮುಂದಿನ ವಾರ ಅಪ್ಪ ಮಗ ಇಬ್ಬರೂ ಬಂದರು.

ಅವತ್ತಿನಿಂದ ನಾನು ಪಾಲಿಸೋ ಕೆಲವು ವಿಷಯ ಹೇಳ್ತೇನೆ. ಜೂನಿಯರ್ ಜೊತೆ ಆಡುವ ಮೊದಲು ಎಷ್ಟು ಜೋರಾಗಿ ಆಡೋಣ ಅಂತ ಅವರನ್ನೇ ಕೇಳಿ, ಅವರು ಹೇಳಿದ್ದಕ್ಕಿಂತ ಒಂದು ತೂಕ ಕಡಿಮೆಯೇ ಆಡಿ. ನಿಮಗೂ ಅಭ್ಯಾಸ ಆಗಬೇಕು ಅಂದರೆ ನಿಮಗೆ ನೀವೇ ಕಟ್ಟು ಹಾಕಿಕೊಳ್ಳಿ: ಈ ರೌಂಡಿನಲ್ಲಿ ಬರೀ ತಡೆಯೋದು, ಇಲ್ಲವೇ ಎಡಗೈ ಒಂದೇ ಬಳಸೋದು, ಇಲ್ಲವೇ ಒಂದೇ ಒಂದು ಕಿಕ್. ಆಗ ಯೆಲ್ಲೋ ಬೆಲ್ಟ್ ಹುಡುಗನೂ ನಿಮಗೆ ಬೆವರು ಇಳಿಸುತ್ತಾನೆ, ನಿಮ್ಮ ಎಡಗೈ ಎಷ್ಟು ಸೋಮಾರಿ ಅನ್ನೋದೂ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಪೆಟ್ಟು ಬಿದ್ದ ಮೇಲಿನ ಒಂದು ಕ್ಷಣ. ಸಣ್ಣವರ ಪೆಟ್ಟು ತಗುಲಿದಾಗ ಮುಂದಿನ ಏಟು ತಾನಾಗಿಯೇ ಜೋರಾಗಿ ಹೊರಡುತ್ತದೆ. ಮನಸ್ಸಿಗೆ ಗೊತ್ತಾಗುವ ಮೊದಲೇ ಭುಜ ಬಿಗಿಯಾಗಿರುತ್ತದೆ. ಅದಕ್ಕೇ, ಪೆಟ್ಟು ಬಿದ್ದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿಯಿರಿ. ಉಸಿರು ಬಿಡಿ. "ಛಲೋ ಹೊಡದಿ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ, ತಲೆ ಬಾಗಿಸಿ, ಆಮೇಲೆ ಮತ್ತೆ ಶುರು ಮಾಡಿ. ಮೊದಮೊದಲು ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತದೆ. ಒಂದು 20 ಸಲ ಹೇಳಿದ ಮೇಲೆ ಸಲೀಸಾಗುತ್ತದೆ.

ತಿದ್ದೋದು, ತಿದ್ದಿಸಿಕೊಳ್ಳೋದು

ಸರ್ ಹೇಳದೆ ಬೇರೆಯವರನ್ನು ತಿದ್ದಬೇಡಿ. ಹೇಳಿದಾಗಲೂ ಒಮ್ಮೆಗೆ ಒಂದೇ ತಪ್ಪು, ಬಾಯಿಗಿಂತ ಜಾಸ್ತಿ ಮಾಡಿ ತೋರಿಸಿ. ಇದಿಷ್ಟು ಸಾಕು. ಕಷ್ಟ ಇರೋದು ತಿದ್ದಿಸಿಕೊಳ್ಳೋದರಲ್ಲಿ.

ಹೋದ ವರ್ಷ ನಾನು ಮಕ್ಕಳಿಗೆ ಹೆಯಾನ್ ಶೋಡಾನ್ ತೋರಿಸುತ್ತಿದ್ದೆ. ಶೋಟೋಕಾನ್‌ನಲ್ಲಿ (ನಾವು ಕಲಿಯೋ ಕರಾಟೆ ಶೈಲಿ) ಎಲ್ಲರೂ ಮೊದಲು ಕಲಿಯೋ ಕಟಾಗಳಲ್ಲಿ ಇದೊಂದು, 21 ಚಲನೆ. ನಾನದನ್ನು ಎಷ್ಟು ಸಾವಿರ ಸಲ ಮಾಡಿರಬೇಕೋ. ಮುಗಿದ ಮೇಲೆ ಆರೆಂಜ್ ಬೆಲ್ಟ್‌ನ ಒಬ್ಬ ಹುಡುಗಿ ಕೈ ಎತ್ತಿದಳು. "ಅಣ್ಣಾರ, ನಾಕನೇದ್ರಾಗ ನೀವು ಮುಂದಿನ ಕಾಲು ಹಿಂದಕ್ಕ ತಗೊಳ್ಳಲೇ ಇಲ್ರಿ." ಮುಷ್ಟಿಯನ್ನು ಸುತ್ತಿಗೆ ಹಾಗೆ ಮೇಲಿಂದ ಇಳಿಸುವಾಗ ಮುಂದಿನ ಕಾಲು ಸ್ವಲ್ಪ ಹಿಂದೆ ಬರಬೇಕು. ಯಾವಾಗ ಬಿಟ್ಟೆನೋ ಗೊತ್ತಿಲ್ಲ, ಬರೀ ಕೈ ತಿರುಗಿಸಿ ಮುಂದೆ ಹೋಗುತ್ತಿದ್ದೆ. "ಬೇಗ ತೋರಿಸೋಕೆ ಹಾಗೆ ಮಾಡಿದೆ" ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. "ಹೌದವ್ವ, ತಪ್ಪಾಯ್ತು, ನೀನೇ ಬಂದು ಎಲ್ಲರಿಗೂ ತೋರಿಸು" ಅಂದೆ. ಅವಳು ಸರಿಯಾಗಿ ತೋರಿಸಿದಳು. ಅಲ್ಲಿಂದಾಚೆ ಆ ಬ್ಯಾಚಿನ ಮಕ್ಕಳು ಗೊತ್ತಾಗದಿದ್ದರೆ ಹೆದರದೆ ಕೇಳ್ತಾರೆ.

ಯಾರಾದರೂ ನಿಮ್ಮನ್ನು ತಿದ್ದಿದಾಗ ಮೊದಲು "ಹೂಂ" ಅನ್ನಿ, ಮಾಡಿ ನೋಡಿ, ಆಮೇಲೆ ಅವರು ಹೇಳಿದ್ದು ಸರಿಯೋ ತಪ್ಪೋ ಯೋಚಿಸಿ. ತಪ್ಪಾಗಿದ್ದರೂ ನಿಮ್ಮದೇನೂ ಹೋಗೋದಿಲ್ಲ.

ನಮ್ಮ ಕಡೆಯ ತಾಲೀಮಿಗೆ, ಅಂದರೆ ಕುಸ್ತಿಯ ಗರಡಿಮನೆಗೆ, ಹೋದವರಿಗೆ ಇದೆಲ್ಲ ಹೊಸದಾಗಿ ಹೇಳಬೇಕಿಲ್ಲ. ನಮ್ಮ ಅಜ್ಜ ಕುಸ್ತಿ ಆಡಿದವರು. ತಾಲೀಮಿನಲ್ಲಿ ಬೆಲ್ಟ್ ಎಲ್ಲಿಯದು, ಎಲ್ಲರಿಗೂ ಒಂದೇ ಲಂಗೋಟಿ, ಯಾರು ಏನು ಅಂತ ಕೈಗೆ ಕೈ ಹಚ್ಚಿದಾಗಲೇ ತಿಳಿಯೋದು. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಸಲಿಕೆಯಿಂದ ಅಗೆದು ಹದ ಮಾಡೋ ಕೆಲಸಕ್ಕೆ ಕುಸ್ತಿ ಕಲಿಸೋ ವಸ್ತಾದರೇ ಮೊದಲು ಇಳೀತಿದ್ದರಂತೆ. ಆ ಅಗೆತವೇ ಭುಜಕ್ಕೆ ಕಸರತ್ತು, ಅದನ್ನು ಬೇರೆಯವರಿಗೆ ಬಿಟ್ಟರೆ ತಮಗೇ ನಷ್ಟ ಅಂತಿದ್ದರು ಅಜ್ಜ.

ಸುಳ್ಳು ವಿನಯ ಬೇಡ

ಒಬ್ಬೊಬ್ಬರು ಬ್ಲ್ಯಾಕ್ ಬೆಲ್ಟ್ ಕಟ್ಟಿಕೊಂಡು "ಅಯ್ಯೋ, ನಂಗೇನ್ ಬರ್ತದ" ಅಂತಿರ್ತಾರೆ. ಇದೂ ಹೊಗಳಿಸಿಕೊಳ್ಳೋ ಇನ್ನೊಂದು ದಾರಿ. ನಿಮಗೆ ಬರೋದನ್ನು ಬರುತ್ತೆ ಅನ್ನಿ, ಕೇಳಿದವರಿಗೆ ಪೂರ್ತಿ ಹೇಳಿಕೊಡಿ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರನ್ನು ನಮ್ಮ ಊರು ಕಣ್ಣಾರೆ ಕಂಡಿದೆ. ಜೇಬೇ ಇಲ್ಲದ ಅಂಗಿ ತೊಡ್ತಿದ್ದರು, 2018ರಲ್ಲಿ ಪದ್ಮಶ್ರೀ ಬಂದಾಗ ಗೌರವದಿಂದಲೇ ಬೇಡ ಅಂದರು. ಆದರೆ ಪ್ರವಚನಕ್ಕೆ ಕೂತಾಗ ತಮಗೆ ತಿಳಿದದ್ದನ್ನು ಮುಚ್ಚಿಡಲಿಲ್ಲ, ಕೇಳೋಕೆ ಬಂದವರಿಗೆಲ್ಲ ಬಿಡಿಸಿ ಹೇಳಿದರು.

ಇನ್ನೊಂದು ಮಾತು, ಇದನ್ನು ಮಕ್ಕಳಿಗೂ ಓದಿ ಹೇಳಿ. ತಲೆ ಬಾಗೋದು ಬೇರೆ, ಸಹಿಸಿಕೊಳ್ಳೋದು ಬೇರೆ. ಮೇಲಿನ ಬೆಲ್ಟಿನವರು ಬೈಕ್ ತೊಳೆಸಿದರೆ, ಬೇಕಂತ ಹೊಡೆದರೆ, ಮೈ ಮುಟ್ಟುವ ರೀತಿ ಸರಿ ಅನ್ನಿಸದಿದ್ದರೆ, ಅದನ್ನು ಶಿಸ್ತು ಅಂತ ಒಪ್ಪಿಕೊಳ್ಳಬೇಡಿ. ಮನೆಯಲ್ಲಿ ಹೇಳಿ, ಅವತ್ತೇ ಹೇಳಿ.

ಅಪ್ಪ ಅಮ್ಮಂದಿರಿಗೆ

ಗ್ರೇಡಿಂಗ್ ದಿನ ಬಾಗಿಲ ಹತ್ತಿರ "ಅವರ ಮಗಗ ಬ್ಲೂ ಬಂತು, ನಮ್ಮವಗ ಯಾಕ್ರಿ ಇನ್ನೂ ಗ್ರೀನ್?" ಅನ್ನೋ ಮಾತು ಕೇಳಿಸುತ್ತದೆ. ಆ ಮಾತು ಮಗುವಿಗೂ ಕೇಳಿಸುತ್ತದೆ. ಮನೆಗೆ ಬಂದ ಮೇಲೆ ಇವತ್ತು ಏನು ಕಲಿತೆ, ಒಮ್ಮೆ ತೋರಿಸು ಅಂತ ಕೇಳಿ, ಪೂರ್ತಿ ಮುಗಿಯೋ ತನಕ ನೋಡಿ. ಫೇಲ್ ಆದರೆ ಸರ್ ಜೊತೆ ಜಗಳಕ್ಕೆ ಹೋಗಬೇಡಿ, ಏನು ಕಮ್ಮಿ ಬಿತ್ತು ಅಂತ ಮಗುವಿನ ಎದುರೇ ಕೇಳಿ ತಿಳಿದುಕೊಳ್ಳಿ. ಇನ್ನು ಒಂದು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಕೊಡಿಸ್ತೇವೆ ಅಂತ ಯಾರಾದರೂ ಅಂದರೆ ದುಡ್ಡು ಉಳಿಸಿಕೊಂಡು ವಾಪಸ್ ಬನ್ನಿ. ವಾರಕ್ಕೆ ಮೂರು ದಿನ ತಪ್ಪದೆ ಬಂದರೂ ನಾಲ್ಕೈದು ವರ್ಷ ಬೇಕು.

ವರ್ಷಕ್ಕೊಮ್ಮೆ ವೈಟ್ ಬೆಲ್ಟ್

ಬ್ರೌನ್ ದಾಟಿದವರಿಗೆ ನಾನು ಹೇಳೋದು ಒಂದೇ: ವರ್ಷಕ್ಕೆ ಒಂದು ಸಲವಾದರೂ ನಿಮಗೆ ಏನೂ ಬಾರದ ಕಡೆ ಹೋಗಿ ನಿಲ್ಲಿ. ನಾನು ಕೆಲಸದ ಮೇಲೆ ಬೆಳಗಾವಿಯಲ್ಲಿ ಎರಡು ತಿಂಗಳು ಇದ್ದಾಗ ಜೂಡೋ ಕಲಿಯೋಕೆ ಹೋದೆ. ಬೀಳೋದು ಹೇಗೆ ಅಂತ ಕಲಿಸಿದ್ದು 14 ವರ್ಷದ ಹುಡುಗ. ನಾನು ಬಿದ್ದಾಗಲೆಲ್ಲ "ಗದ್ದ ಎದಿಗೆ ಹಚ್ಚ್ರಿ ಕಾಕಾ" ಅಂತಿದ್ದ. ನನ್ನ ಬ್ಲ್ಯಾಕ್ ಬೆಲ್ಟ್ ರೂಮಿನ ಬ್ಯಾಗಿನಲ್ಲಿತ್ತು, ಅವನಿಗೆ ಗೊತ್ತಿರಲಿಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ. ಬೇರೆ ಕ್ಲಾಸಿಗೆ ಹೋಗುವಾಗ ವೈಟ್ ಬೆಲ್ಟ್ ತೆಗೆದುಕೊಂಡು ಹೋಗಿ. ನಿಮ್ಮದೇ ಕಟ್ಟಿಕೊಳ್ಳಿ ಅಂತ ಅಲ್ಲಿಯ ಸರ್ ಹೇಳಿದರೆ ಕಟ್ಟಿಕೊಳ್ಳಿ, ಅವರಾಗಿ ಹೇಳೋ ತನಕ ಬೇಡ.

ಹಳೆಯ ಬೆಲ್ಟ್‌ಗಳನ್ನು ಗೋಡೆಗೆ ಸಾಲಾಗಿ ತೂಗು ಹಾಕಬೇಡಿ. ಒಗೆದು ಒಣಗಿಸಿ ಕ್ಲಾಸಿಗೆ ತನ್ನಿ, ಸರ್ ಹತ್ತಿರ ಕೊಡಿ. ಹೊಸದು ಕೊಳ್ಳೋದು ಕಷ್ಟ ಇರೋ ಮಕ್ಕಳು ಪ್ರತಿ ಗ್ರೇಡಿಂಗ್‌ನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಕಟ್ಟಿದ ಮೇಲೆ ಎರಡು ತುದಿ ಸಮ ಬರಬೇಕು, ಸಣ್ಣ ಮಕ್ಕಳಿಗೆ ಉದ್ದ ಆದರೆ ಕತ್ತರಿಸಿ ಹೊಲಿಗೆ ಹಾಕಿಸಿ. ನನ್ನ ಗ್ರೀನ್ ಬೆಲ್ಟ್ ಮೊದಲು ಕಟ್ಟಿಕೊಂಡವನು ಆ ಕಾಕಾನ ಮಗ. ಅವನಿಂದ ಇನ್ನಿಬ್ಬರ ಕೈ ದಾಟಿ, ಅಂಚು ಸವೆದು, ಈಗ ನನ್ನ ಕಾಲು ತಿದ್ದಿದ ಆ ಹುಡುಗಿಯ ಹತ್ತಿರ ಇದೆ.