ಹಳೇ ರೆಕಾರ್ಡಿಗೆ ಹೊಸ ಮುಳ್ಳು: ಡೊಂಬಿವಲಿಯಲ್ಲಿ ನನ್ನ ಅನುಭವ

"ಅಲ್ಲ ಮಾರಾಯಾ, ಸೈಕಲ್ಲಿಗೆ ಯಾರಾದ್ರೂ ವಿಮಾನದ ಟಯರ್ ಹಾಕ್ತಾರಾ?"

ಹಳೇ ರೆಕಾರ್ಡಿಗೆ ದುಬಾರಿ ಸಣ್ಣ ಮುಳ್ಳು, ಅಂದರೆ ಸ್ಟೈಲಸ್, ಹಾಕುತ್ತೇನೆ ಅಂದಾಗ ನಮ್ಮ ರೆಕಾರ್ಡ್ ಬಳಗದ ಮುಲುಂಡಿನ ಅಣ್ಣ ಹೀಗೆ ಕೇಳಿ ಈಗ ಒಂದೂವರೆ ವರ್ಷ. ನಲವತ್ತು ವರ್ಷ ಹೋಟೆಲ್ ನಡೆಸಿದವರು, ನನಗಿಂತ ಮೂರು ಪಟ್ಟು ಎಲ್‌ಪಿ ಇಟ್ಟುಕೊಂಡವರು. ಕೋಲ್ಕತ್ತದ ದಮ್‌ದಮ್ ಕಾರ್ಖಾನೆಯಲ್ಲಿ ಒತ್ತಿದ, ಸವೆದ ರೆಕಾರ್ಡುಗಳಿಗೆ ಗುಂಡು ತುದಿಯ ಮುಳ್ಳೇ ಸರಿ, ಸಣ್ಣ ಮುಳ್ಳು ಹಾಕಿದರೆ ಕರಕರ ಇನ್ನೂ ಜಾಸ್ತಿ ಕೇಳುತ್ತದೆ ಎನ್ನುವುದು ಅವರ ವಾದ. ನಮ್ಮ ಬಳಗದಲ್ಲಿ ಎಲ್ಲರೂ ಅವರ ಕಡೆಗೇ. ನನಗೆ ಮಾತ್ರ ತಲೆಯಲ್ಲಿ ಹುಳ.

ನನ್ನ ಲೆಕ್ಕ ಇಷ್ಟೇ. ನಮ್ಮ ರೆಕಾರ್ಡುಗಳನ್ನು ಸವೆಸಿದ್ದು ಯಾರು? ಐದಾರು ಗ್ರಾಂ ಭಾರ ಹೇರುತ್ತಿದ್ದ ಹಳೇ ಪ್ಲೇಯರುಗಳ ಗುಂಡು ಮುಳ್ಳು. ಅದು ಗ್ರೂವಿನ, ಅಂದರೆ ಮುಳ್ಳು ಓಡುವ ಗೆರೆಯ, ಗೋಡೆಯಲ್ಲಿ ಒಂದೇ ಕಡೆ ಉಜ್ಜಿದೆ. ಅದರ ಕೆಳಗಿನ ಗೋಡೆಯನ್ನು ಯಾರೂ ಮುಟ್ಟಿಲ್ಲ. ಅಲ್ಲಿಗೆ ಇಳಿಯುವ ಮುಳ್ಳು ಹಾಕಿದರೆ ಹಾಡು ಸಿಗಲೇಬೇಕು, ಅಲ್ವಾ?

ಮಶೀನು ಜಪಾನಿನಿಂದ ಬಂದ ಹಳೇ ಟೆಕ್ನಿಕ್ಸ್ ಡೈರೆಕ್ಟ್ ಡ್ರೈವ್ ಪ್ಲೇಯರ್, ತಟ್ಟೆಯನ್ನು ಮೋಟರೇ ನೇರವಾಗಿ ತಿರುಗಿಸುವಂಥದ್ದು. ಒಂದು ಶುಕ್ರವಾರ ಬೆಳಗಿನ ಜಾವ ಚೋರ್ ಬಜಾರಿನಲ್ಲಿ 11 ಸಾವಿರಕ್ಕೆ ಸಿಕ್ಕಿತು. 14ರಿಂದ ಇಳಿಸಿದೆ ಅಂತ ಹೆಮ್ಮೆಪಟ್ಟೆ. ಆಮೇಲೆ ರಿಪೇರಿಗೆ ಎರಡೂವರೆ ಸಾವಿರ ಹೋಯಿತು. 100 ವೋಲ್ಟಿನ ಮಶೀನು, ಆದ್ದರಿಂದ ಲ್ಯಾಮಿಂಗ್ಟನ್ ರೋಡಿನಿಂದ ವೋಲ್ಟೇಜ್ ಇಳಿಸುವ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್, ಸುಮಾರು 900. ಮಶೀನಿನ ಜತೆ ಬಂದ ಕಾರ್ಟ್ರಿಡ್ಜಿನ (ಮುಳ್ಳು ಸಿಕ್ಕಿಸುವ ಪುಟ್ಟ ಪೆಟ್ಟಿಗೆ) ಹೆಸರೇ ಅಳಿಸಿಹೋಗಿತ್ತು. ಅದಕ್ಕೆ ಚೋರ್ ಬಜಾರಿನ ಒಬ್ಬ ಅಂಗಡಿಯವನು "ಒರಿಜಿನಲ್ ಸ್ಟೈಲಸ್ ಸಾಬ್" ಎಂದು 700ಕ್ಕೆ ಕೊಟ್ಟ. ಮನೆಗೆ ಬಂದು ಮೊಬೈಲಿಗೆ ಸಿಕ್ಕಿಸುವ ಲೆನ್ಸಿನಲ್ಲಿ ನೋಡಿದರೆ ಮುಳ್ಳಿನ ತುದಿಯ ವಜ್ರ ವಾರೆಯಾಗಿ ಕೂತಿತ್ತು. ಇಂಥ ಮೂರು ನಾಲ್ಕು ಪ್ರಯೋಗದಲ್ಲಿ ನಾಲ್ಕು ಸಾವಿರ ನೀರಿಗೆ ಹೋಯಿತು.

ಕೊನೆಗೆ ಆಡಿಯೊ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಡ್ಜ್ ತಂದೆ. ಐದು ಸಾವಿರದ ಆಸುಪಾಸು. ಅದೇ ಬಾಡಿಗೆ ಆ ಸರಣಿಯ ಯಾವ ಸ್ಟೈಲಸ್ ಬೇಕಾದರೂ ಸಿಕ್ಕಿಸಬಹುದು. ಆರು ತಿಂಗಳು ಅದರ ಜತೆ ಬಂದ ಎಲಿಪ್ಟಿಕಲ್‌ನಲ್ಲೇ, ಅಂದರೆ ಅಂಡಾಕಾರದ ತುದಿಯ ಮುಳ್ಳಿನಲ್ಲೇ, ಕೇಳಿದೆ. ಚೆನ್ನಾಗಿತ್ತು. ಆದರೆ ಒಂದೊಂದು ಬದಿಯ ಕೊನೆಯ ಹಾಡು ಬಂದಾಗ "ಸ", "ಶ" ಎಲ್ಲ ಎಣ್ಣೆಗೆ ಹಪ್ಪಳ ಬಿಟ್ಟ ಹಾಗೆ. ಆಗ ಎಂಎಲ್ ಸ್ಟೈಲಸ್ ತರಿಸಿದೆ, ಅಂದರೆ ಮೈಕ್ರೊಲೀನಿಯರ್, ಗ್ರೂವಿನ ಕೆಳಗಿನ ಗೋಡೆಗೂ ಇಳಿಯುವ ಸಣ್ಣ ಮುಳ್ಳು. ಎಲ್ಲ ಸೇರಿ 15 ಸಾವಿರದ ಹತ್ತಿರ. ಹೆಂಡತಿ ಡಬ್ಬಿ ತೆಗೆದು ನೋಡಿ, "ಇದರಲ್ಲಿ ಸಾಮಾನು ಇದೆಯಾ?" ಅಂದಳು.

ಸಿಕ್ಕಿಸಿ ಹಾಕಿದೆ. ಮೊದಲಿಗಿಂತ ಕೆಟ್ಟದಾಗಿ ಕೇಳಿತು! ಅಣ್ಣನಿಗೆ ಫೋನ್ ಮಾಡಲೇ ಇಲ್ಲ. ಎರಡು ವಾರ ಮಾರಿಬಿಡುವ ಯೋಚನೆಯಲ್ಲೇ ಇದ್ದೆ.

ತಪ್ಪು ಮುಳ್ಳಿನದಲ್ಲ, ನನ್ನದು. ಮುಳ್ಳು ನೇರ ಕೂತಿದೆಯಾ ಎಂದು ನೋಡುವ ಅಳತೆ ಕಾಗದವನ್ನು, ಅಂದರೆ ಪ್ರೊಟ್ರಾಕ್ಟರನ್ನು, ನೆಟ್‌ನಿಂದ ಇಳಿಸಿಕೊಂಡು ಆಫೀಸಿನ ಪ್ರಿಂಟರಿನಲ್ಲಿ ಹೊಡೆದಿದ್ದೆ. ಅದು ಸುಮ್ನೆ ಕಾಗದಕ್ಕೆ ಹೊಂದುವಂತೆ ಚಿತ್ರವನ್ನು ಕುಗ್ಗಿಸಿತ್ತು. ತಟ್ಟೆಯ ನಡುವಿನಿಂದ 66 ಮತ್ತು 121 ಮಿಮೀನಲ್ಲಿ ಇರಬೇಕಾದ ಗುರುತುಗಳು ಸ್ಕೇಲ್ ಇಟ್ಟರೆ 64, 117. ಗುಂಡು ಮುಳ್ಳು ಇಂಥದ್ದನ್ನೆಲ್ಲ ಕ್ಷಮಿಸುತ್ತದೆ, ಎಲಿಪ್ಟಿಕಲ್ ಗೊಣಗುತ್ತದೆ, ಎಂಎಲ್ ಬಾಯಿಬಿಟ್ಟು ಬೈಯುತ್ತದೆ. ಸರಿಯಾಗಿ ಪ್ರಿಂಟ್ ತೆಗೆದು ಮತ್ತೆ ಕೂತೆ. ಎರಡೂ ಗುರುತಿನಲ್ಲಿ ನೇರ ಕೂರಿಸಲು ಒಂದು ಇಡೀ ಭಾನುವಾರ ಹೋಯಿತು. ನಡುವೆ ಹೆಡ್‌ಶೆಲ್ಲಿನ (ಕಾರ್ಟ್ರಿಡ್ಜ್ ಕೂರುವ ತೋಳಿನ ತುದಿ) ಹಸಿರು ತಂತಿಯ ಕ್ಲಿಪ್ ಮುರಿದು ಬಲಗಡೆ ಸದ್ದೇ ನಿಂತಿತು. ಆ ಕ್ಲಿಪ್ಪಿಗೆ ಬೆಸುಗೆ ಹಾಕುವಾಗ ಕಾರ್ಟ್ರಿಡ್ಜ್ ಬಿಚ್ಚಿಟ್ಟುಬಿಡಿ. ಯಾಕೆ ಅಂತ ಕೇಳಬೇಡಿ, ಹಿಂದೊಂದು ಬಿಸಿಗೆ ಸತ್ತಿದೆ.

ಮುಳ್ಳು ರೆಕಾರ್ಡನ್ನು ಒತ್ತುವ ಭಾರದ್ದು ಇನ್ನೊಂದು ಕತೆ. ತೋಳಿನ ಡಯಲನ್ನು ನಂಬಿ 2 ಗ್ರಾಂ ಇಟ್ಟಿದ್ದೆ. ಆರು ನೂರು ರೂಪಾಯಿಯ ಚಿಕ್ಕ ಡಿಜಿಟಲ್ ತಕ್ಕಡಿ ತಂದೆ. ತಕ್ಕಡಿ ಸರಿ ಇದೆಯಾ ಅಂತ ಮೊದಲು 2011ರ ಮಾದರಿಯ ಒಂದು ರೂಪಾಯಿ ನಾಣ್ಯ ಇಟ್ಟು ನೋಡಿದೆ, 3.8 ಆಸುಪಾಸು ತೋರಿಸಿತು, ಸರಿ. ಮುಳ್ಳು ಇಳಿಸಿದರೆ ಒಂದೊಂದು ಸಲ ಒಂದೊಂದು ಅಂಕಿ. ತಕ್ಕಡಿಯ ತಟ್ಟೆ ಕಬ್ಬಿಣದ್ದು, ಕಾರ್ಟ್ರಿಡ್ಜಿನ ಆಯಸ್ಕಾಂತ ಅದನ್ನು ಎಳೆಯುತ್ತಿತ್ತು. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಮೇಲಿಟ್ಟು ಎತ್ತರ ಮಾಡಿದ ಮೇಲೆ ಅಂಕಿ ನಿಂತಿತು. ಡಯಲ್ 2 ಅಂದಾಗ ನಿಜಕ್ಕೂ 1.6 ಇತ್ತು. ಕಡಿಮೆ ಭಾರ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ, ಮುಳ್ಳು ಗ್ರೂವಿನಲ್ಲಿ ಕುಣಿದು ಅದನ್ನೇ ಕೆಡಿಸುತ್ತದೆ. ಈಗ 2.0ಕ್ಕಿಂತ ಒಂದು ಕೂದಲು ಮೇಲಿಟ್ಟಿದ್ದೇನೆ.

ಇಷ್ಟಾದ ಮೇಲೂ ಒಂದು ಗುಂಯ್ ಸದ್ದು. ಅರ್ಥ್ ತಂತಿ ಎಷ್ಟು ತಿರುಗಿಸಿದರೂ ಹೋಗಲಿಲ್ಲ. ಕಾರಣ ಮಶೀನಿನ ಪಕ್ಕದಲ್ಲೇ ಕೂತಿದ್ದ ಆ 900 ರೂಪಾಯಿಯ ಟ್ರಾನ್ಸ್‌ಫಾರ್ಮರ್. ಅದನ್ನು ಒಂದು ಮೀಟರ್ ಆಚೆ ನೆಲಕ್ಕೆ ತಳ್ಳಿದೆ, ಮೌನ. ಮಶೀನನ್ನು ಮೇಜಿನಿಂದ ಎತ್ತಿ ಗೋಡೆಗೆ ಹೊಡೆದ ಕಡಪಾ ಕಲ್ಲಿನ ಹಲಗೆ ಮೇಲಿಟ್ಟೆ. ಮಗ ಓಡಾಡಿದರೆ ಈಗ ಮುಳ್ಳು ಹಾರುವುದಿಲ್ಲ.

ಆಮೇಲೆ ಭೀಮಸೇನ ಜೋಶಿಯವರ ಒಂದು ಎಲ್‌ಪಿ ಹಾಕಿದೆ. ಎರಡನೇ ಬದಿಯ ಕೊನೆಯ ಐದು ನಿಮಿಷ ನಾನು ಯಾವತ್ತೂ ಪೂರ್ತಿ ಕೇಳಿರಲಿಲ್ಲ, ಒಡೆದ ಸ್ವರ ತಡೆಯಲು ಆಗುತ್ತಿರಲಿಲ್ಲ. ಈ ಸಲ ತಂಬೂರಿಯ ತಂತಿಗಳು ಬೇರೆ ಬೇರೆಯಾಗಿ ಕೇಳಿದವು. ತಾರಸ್ಥಾಯಿಯಲ್ಲಿ ಸ್ವರ ಸೀಳಲಿಲ್ಲ. ಪಿ.ಬಿ. ಶ್ರೀನಿವಾಸ್ ಅವರ ಹಳೇ ಇಪಿ (ಚಿಕ್ಕ ರೆಕಾರ್ಡ್) ಒಂದರಲ್ಲಿ ಅವರು ಉಸಿರು ಎಳೆಯುವುದು ಕೇಳಿತು. ನಾನು ಸುಳ್ಳು ಹೇಳುವುದಿಲ್ಲ, ಎಲ್ಲ ರೆಕಾರ್ಡಿಗೂ ಹೀಗಾಗಿಲ್ಲ. ಹತ್ತರಲ್ಲಿ ಆರು ಬದುಕಿದವು, ಎರಡು ಪರವಾಗಿಲ್ಲ, ಇನ್ನೆರಡರ ಗ್ರೂವನ್ನು ಯಾರೋ ಉಳಿಯಲ್ಲಿ ಕೆತ್ತಿದ ಹಾಗಿದೆ, ಅದಕ್ಕೆ ಯಾವ ವಜ್ರವೂ ಏನೂ ಮಾಡಲಾರದು.

ಒಂದು ಮಾತು. ಕೆಳಗಿಳಿಯುವ ಮುಳ್ಳು ಕೆಳಗಿನ ಕೊಳೆಯನ್ನೂ ಕೆದಕುತ್ತದೆ. ಮುಂಬೈ ಮಳೆಗಾಲದ ಬೂಷ್ಟು ಬೇರೆ. ತೊಳೆಯದೆ ಹಾಕಿದರೆ ಅಣ್ಣ ಹೇಳಿದ್ದೇ ನಿಜವಾಗುತ್ತದೆ. ಮರಗೆಲಸದ ಬಿಳಿ ಗೋಂದು ಬಳಿದು ಸಿಪ್ಪೆ ಎಬ್ಬಿಸುವ ವಿದ್ಯೆ ಮಾಡಿನೋಡಿದೆ. ತೆಳ್ಳಗೆ ಬಳಿದಿದ್ದೆ, ಚೂರುಚೂರಾಗಿ ಬಂತು, ಉಗುರಿನಲ್ಲಿ ಕೆರೆಯುತ್ತಾ ರಾತ್ರಿ ಎರಡಾಯಿತು. ಈಗ ಡಿಸ್ಟಿಲ್ಡ್ ನೀರು ಮತ್ತು ಇನ್ನೆರಡು ಸಾಮಾನು. ಅದರ ಪ್ರಮಾಣ ಮಾತ್ರ ಇಲ್ಲಿ ಬರೆಯುವುದಿಲ್ಲ. ಬೂಷ್ಟು ಮತ್ತೆ ಬರದಂತೆ ನಾನು ಕವರಿನೊಳಗೆ ಮಾಡುವ ಕೆಲಸವೂ ಗುಟ್ಟಾಗಿಯೇ ಇರಲಿ.

ಈ ನಡುವೆ ಅಜ್ಜನ ಕಾಲದ ನಾಟಕದ ಹಾಡಿನ 78ರ ಪ್ಲೇಟುಗಳು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ರೆಕಾರ್ಡುಗಳು, ನೆನಪಾದವು. ಅದೇ ಬಾಡಿಗೆ ಈ ಪ್ಲೇಟುಗಳಿಗೆಂದೇ ಇರುವ ಎಸ್‌ಪಿ ಸ್ಟೈಲಸ್ ತರಿಸಿದೆ. ಅದಕ್ಕೆ 5 ಗ್ರಾಂ ಬೇಕು, ತೋಳಿನ ಡಯಲ್ಲಿನಲ್ಲಿ ಅಷ್ಟು ಅಂಕಿಯೇ ಇಲ್ಲ, ತಕ್ಕಡಿ ನೋಡಿ ಹೊಂದಿಸಿದೆ. ನನ್ನ ಮಶೀನಿನಲ್ಲಿ 78 ವೇಗವೂ ಇಲ್ಲ. 45ರಲ್ಲಿ ಓಡಿಸಿ, ಕಂಪ್ಯೂಟರಿಗೆ ಹಿಡಿದು, 1.73 ಪಟ್ಟು ವೇಗ ಏರಿಸಿದೆ. ಟೋನ್ ಕೈಯಿಂದಲೇ ಸರಿ ಮಾಡಬೇಕಾಯಿತು. ಹಾರ್ಮೋನಿಯಂ ಹಿಡಿಯುವ ಮೊದಲೇ ನಟ ಹಾಡು ಎತ್ತಿಕೊಳ್ಳುತ್ತಾನೆ, ಕೇಳಿ ಅಮ್ಮ ನಕ್ಕಳು. ಈ ಪ್ಲೇಟುಗಳಿಗೆ ಸ್ಪಿರಿಟ್ ಮುಟ್ಟಿಸಬೇಡಿ, ಅರಗು ಕರಗುತ್ತದೆ.

ಇನ್ನು ದುಡ್ಡು. ಕಂಪನಿಯ ಲೆಕ್ಕದಲ್ಲಿ ಎಲಿಪ್ಟಿಕಲ್ ಸುಮಾರು 300 ಗಂಟೆ, ಎಂಎಲ್ ಸುಮಾರು 1000. ಎಲಿಪ್ಟಿಕಲ್ ಮುಳ್ಳಿನ ನಾಲ್ಕು ಸಾವಿರವನ್ನು 300ರಿಂದ ಭಾಗಿಸಿ, 15 ಸಾವಿರವನ್ನು 1000ದಿಂದ ಭಾಗಿಸಿ. ಒಂದು 13 ರೂಪಾಯಿ ಚಿಲ್ಲರೆ, ಇನ್ನೊಂದು 15. ಗಂಟೆಗೆ ಒಂದು ವಡಾಪಾವ್ ಕೂಡ ಆಗುವುದಿಲ್ಲ. ಈ ಲೆಕ್ಕವನ್ನು ಹೆಂಡತಿಗೆ ತೋರಿಸಿದೆ. ಅವಳು ಚೋರ್ ಬಜಾರಿನ ನಾಲ್ಕು ಸಾವಿರವನ್ನು ಯಾವುದಕ್ಕೆ ಭಾಗಿಸಿದೆ ಎಂದು ಕೇಳಿದಳು.

ಕಳೆದ ತಿಂಗಳು ಅಣ್ಣ ತಮ್ಮದೇ ಒಂದು ಎಲ್‌ಪಿ ಬಗಲಲ್ಲಿಟ್ಟುಕೊಂಡು ಮನೆಗೆ ಬಂದರು. ಗಂಗೂಬಾಯಿ ಹಾನಗಲ್ಲರದ್ದು, ಅವರ ಮನೆಯಲ್ಲಿ ಬರೀ ಚಟಪಟ ಎನ್ನುತ್ತಿದ್ದದ್ದು. ತೊಳೆದು ಹಾಕಿದೆ. ಒಂದು ಬದಿ ಪೂರ್ತಿ ಕೇಳಿದರು. ಕಾಫಿ ಆರಿಹೋಯಿತು. ತೋಳು ಎತ್ತಿದ ಮೇಲೂ ಸುಮ್ಮನೆ ಕೂತಿದ್ದರು.

"ಆ ಬಾಡಿ ಮಾತ್ರ ಎಷ್ಟಕ್ಕೆ ಸಿಕ್ತು ಮಾರಾಯಾ?" ಅಂದರು.