ಎಂಟುನೂರೂ ಹೈಬ್ರಿಡ್ಡೂ: ಒಂದೇ ಮನೆಯಲ್ಲಿ ಎರಡು ಕಾರು

ಹೊಸ ಹೈಬ್ರಿಡ್ ಕಾರಿನಲ್ಲಿ ಮೊದಲ ಸಲ ಶಿರಾಡಿ ಘಾಟಿ ಇಳಿಯುವಾಗ ಎದೆ ಧಸಕ್ ಅಂದಿತ್ತು. ಹೈಬ್ರಿಡ್ ಅಂದರೆ ಪೆಟ್ರೋಲ್ ಇಂಜಿನ್ ಜೊತೆ ಕರೆಂಟಿನ ಮೋಟರೂ ಇರುವ ಕಾರು. ಇಳಿಯುವಾಗ, ಬ್ರೇಕ್ ಒತ್ತಿದಾಗ ಆ ಮೋಟರೇ ಬ್ಯಾಟರಿ ತುಂಬಿಸುತ್ತದೆ. ಸಕಲೇಶಪುರ ದಾಟಿ, ಬ್ರೇಕ್ ಮೇಲೆ ಮೆತ್ತಗೆ ಕಾಲಿಟ್ಟುಕೊಂಡು ಪುತ್ತೂರಿನ ಕಡೆ ಹೊರಟಿದ್ದೆ. ಇಂಜಿನ್ ಆಫ್ ಆಗಿತ್ತು. ಕಾರು ಸದ್ದಿಲ್ಲದೆ ಜಾರುತ್ತಿತ್ತು. ಪರದೆಯಲ್ಲಿ ಬ್ಯಾಟರಿಯ ಗೀಟುಗಳು ಒಂದೊಂದೇ ತುಂಬುತ್ತಿದ್ದವು. ಪುಕ್ಕಟೆ ಕರೆಂಟು ಅಂತ ನಾನು ಖುಷಿಯಲ್ಲಿದ್ದೆ. ಬ್ಯಾಟರಿ ತುಂಬಿದ್ದೇ ತಡ, ಇಂಜಿನ್ ಇದ್ದಕ್ಕಿದ್ದಂತೆ ಕೂಗಲು ಶುರು ಮಾಡಿತು. ಆಕ್ಸಿಲರೇಟರ್ ಮೇಲೆ ನನ್ನ ಕಾಲೇ ಇಲ್ಲ! "ಏನ್ರೀ ಅದು, ಹೊಸ ಕಾರು ಆಗ್ಲೇ ಕೆಟ್ಟೋಯ್ತಾ?" ಅಂದಳು ಪಕ್ಕದಲ್ಲಿದ್ದ ನನ್ನಾಕೆ.

ಕೆಟ್ಟಿರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದಾಗ ಅರ್ಥವಾಯಿತು. ಈ ಕಾರಿನ ದೊಡ್ಡ ಬ್ಯಾಟರಿ ಅಂತ ನಾವು ಕರೆಯುವುದು ನಿಜಕ್ಕೂ ದೊಡ್ಡದಲ್ಲ. ಅದರಲ್ಲಿ ಹಿಡಿಸುವುದು ಸುಮಾರು ಮುಕ್ಕಾಲು ಯೂನಿಟ್ ಕರೆಂಟು. ಮನೆಯ 2 ಕಿಲೋವ್ಯಾಟ್ ಗೀಸರ್ ಇಪ್ಪತ್ತು ಇಪ್ಪತ್ತೈದು ನಿಮಿಷ ಓಡಿದರೆ ಅಷ್ಟೂ ಖಾಲಿ. 1300 ಕಿಲೋ ತೂಕದ ಕಾರು 200 ಮೀಟರ್ ಕೆಳಗಿಳಿದರೆ, ಗಾಳಿ ಮತ್ತು ಟೈರು ತಿನ್ನುವುದನ್ನು ಬಿಟ್ಟು ನೋಡಿದರೆ, ಹೆಚ್ಚುಕಮ್ಮಿ ಅಷ್ಟೇ ಶಕ್ತಿ ಹುಟ್ಟುತ್ತದೆ. ಸಕಲೇಶಪುರ ಇರುವುದು 900 ಮೀಟರಿಗಿಂತ ಎತ್ತರದಲ್ಲಿ. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಕೊಡ ತುಂಬಿ, ಉಳಿದದ್ದನ್ನು ಹಾಕಲು ಜಾಗವೇ ಇರುವುದಿಲ್ಲ. ಆಗ ಒಂದು ಮೋಟರು ಇಂಜಿನ್ನನ್ನು ಪೆಟ್ರೋಲಿಲ್ಲದೆ ಸುಮ್ನೆ ತಿರುಗಿಸಿ ಆ ಶಕ್ತಿಯನ್ನು ಕಳೆಯುತ್ತದೆ. ಹಳೇ ಕಾರಿನಲ್ಲಿ ಸೆಕೆಂಡ್ ಗೇರ್ ಹಾಕಿ ಇಳಿಯುತ್ತಿದ್ದೆವಲ್ಲ, ಅದೇ ಕೆಲಸ. ಈಗ ಘಾಟಿ ಶುರುವಾಗುತ್ತಲೇ ನಾನೇ ಗೇರ್ ಲಿವರ್ ಅನ್ನು, ಇಂಜಿನ್ ಬ್ರೇಕಿಂಗಿಗೆಂದೇ ಇರುವ 'B' ಸ್ಥಾನಕ್ಕೆ ಹಾಕಿಬಿಡುತ್ತೇನೆ.

ಆ ಹಳೇ ಕಾರು ಇನ್ನೂ ನಮ್ಮ ಮನೆಯಲ್ಲೇ ಇದೆ. 1997ರ ಮಾರುತಿ 800. 796 ಸಿಸಿ, ಮೂರು ಸಿಲಿಂಡರು, ಗಾಳಿಗೆ ಪೆಟ್ರೋಲ್ ಬೆರೆಸಲು ಕಾರ್ಬುರೇಟರು. ತಮಾಷೆ ಏನಂದ್ರೆ, ಜಪಾನಿನಲ್ಲಿ ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್ ಮಾರಾಟಕ್ಕೆ ಬಂದದ್ದೂ ಅದೇ 1997ರಲ್ಲಿ. ನಾವಿಲ್ಲಿ ಚೋಕ್ (ತಣ್ಣಗಿರುವ ಇಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಹೋಗುವಂತೆ ಮಾಡುವ ಗುಂಡಿ) ಎಳೆದು ಸ್ಟಾರ್ಟ್ ಮಾಡುತ್ತಿದ್ದಾಗ ಅಲ್ಲಿನವರು ಹೈಬ್ರಿಡ್ ಓಡಿಸಲು ಶುರು ಮಾಡಿದ್ದರು. ನನ್ನಂಥವರ ಕೈಗೆ ಅದು ಎಟುಕಿದ್ದು 2022ರಲ್ಲಿ ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಬಂದ ಮೇಲೆ. ಎರಡೂ ನಮ್ಮ ಬಿಡದಿಯಲ್ಲೇ ತಯಾರಾಗಿವೆ. ನಾನು ತಗೊಂಡಿದ್ದು ಅವೆರಡರಲ್ಲಿ ಒಂದು.

ಮೈಲೇಜ್ ವಿಷಯಕ್ಕೆ ಬರ್ತೀನಿ, ಎಲ್ಲರೂ ಮೊದಲು ಕೇಳುವುದು ಅದನ್ನೇ. ಪರದೆ ತೋರಿಸುವ ಅಂಕಿಯನ್ನು ನಾನು ನಂಬಲಿಲ್ಲ. ಪ್ರತಿ ಸಲ ಒಂದೇ ಬಂಕು, ಪೈಪು ಮೊದಲ ಸಲ ಕಟ್ ಆದ ಕೂಡಲೇ ನಿಲ್ಲಿಸುವುದು, ಲೀಟರನ್ನೂ ಕಿಲೋಮೀಟರನ್ನೂ ಡೈರಿಯಲ್ಲಿ ಬರೆಯುವುದು. ಹೀಗೆ ಎರಡು ವರ್ಷ ಬರೆದೆ. ವಿಜಯನಗರದಿಂದ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗಿ ಬರುವ ದಾರಿಯಲ್ಲಿ ಹೈಬ್ರಿಡ್ ಕೊಟ್ಟದ್ದು ಲೀಟರಿಗೆ 22. ಎಂಟುನೂರು ಅದೇ ದಾರಿಯಲ್ಲಿ 13. ಹೈವೇಯಲ್ಲಿ ನೂರರ ಸ್ಪೀಡಿನಲ್ಲಿ ಹಾಸನದ ಕಡೆ ಹೋದರೆ ಹೈಬ್ರಿಡ್ 19ರಿಂದ 20. ಎಂಟುನೂರು ಎಪ್ಪತ್ತು ಎಂಬತ್ತರಲ್ಲಿ ಹೋದರೆ 18!

ಕೊನೆಯದನ್ನು ನೋಡಿ ನನಗೇ ನಗು ಬಂತು. ಮೂವತ್ತು ವರ್ಷದ ಹತ್ತಿರ ಬಂದಿರುವ ಕಾರು ಹೈವೇಯಲ್ಲಿ ಹೊಸದಕ್ಕೆ ಸರಿಸಮನಾಗಿ ನಿಂತಿದೆ. ಕಾರಣ ದೊಡ್ಡದೇನಲ್ಲ. ಅದರ ತೂಕ 650 ಕಿಲೋ ಆಸುಪಾಸು, ಇದರ ಅರ್ಧ. ಏಸಿ ಹಾಕುವುದಿಲ್ಲ, ಸ್ಪೀಡೂ ಕಮ್ಮಿ. ಏರ್‌ಬ್ಯಾಗೂ ಇಲ್ಲ, ಅದನ್ನೂ ಹೇಳಬೇಕು ಅಲ್ವಾ. ಹೈಬ್ರಿಡ್ ಮುಖ್ಯವಾಗಿ ಗೆಲ್ಲುವುದು ಹಳೇ ಕಾರು ಪೋಲು ಮಾಡುವ ಜಾಗದಲ್ಲಿ: ಸಿಗ್ನಲ್ಲಿನಲ್ಲಿ ನಿಂತಾಗ, ಬ್ರೇಕ್ ಒತ್ತಿದಾಗ. ಒಂದೇ ಸಮನೆ ಓಡುವ ರಸ್ತೆಯಲ್ಲಿ ಅದಕ್ಕೆ ಉಳಿಸಲು ಜಾಸ್ತಿ ಏನೂ ಸಿಗುವುದಿಲ್ಲ.

ಹಾಗಾಗಿ ದುಡ್ಡಿನ ಲೆಕ್ಕ ಹಾಕುವಾಗ ಹೈಬ್ರಿಡ್ಡನ್ನು ಎಂಟುನೂರಿನ ಜೊತೆ ತೂಗಬೇಡಿ, ಅದೇ ಗಾತ್ರದ ಮಾಮೂಲಿ ಪೆಟ್ರೋಲ್ ಕಾರಿನ ಜೊತೆ ತೂಗಿ. ನನಗೆ ಎರಡಕ್ಕೂ ಇದ್ದ ವ್ಯತ್ಯಾಸ ಎರಡೂವರೆ ಲಕ್ಷ. ಅಂಥ ಪೆಟ್ರೋಲ್ ಕಾರು ಇರುವ ಭಾವನಿಗೆ ಊರೊಳಗೆ ಸಿಗುವುದು 13, ಹೈವೇಯಲ್ಲಿ 16. ವರ್ಷಕ್ಕೆ 12,000 ಕಿಲೋಮೀಟರ್ ಬೆಂಗಳೂರೊಳಗೇ ಓಡಿಸಿದರೆ ನನಗೆ ಸುಮಾರು 375 ಲೀಟರ್ ಉಳಿತಾಯ. ನಾನು ಲೆಕ್ಕ ಹಾಕಿದಾಗ ಲೀಟರಿಗೆ ಇದ್ದ 102 ರೂಪಾಯಿಯಂತೆ 38,000. ಆರೂವರೆ ವರ್ಷಕ್ಕೆ ಹಾಕಿದ ದುಡ್ಡು ವಾಪಸ್. ಅಷ್ಟೇ ದೂರ ಬರೀ ಹೈವೇ ಓಡಿಸಿದರೆ ಉಳಿಯುವುದು ಹದಿನಾಲ್ಕು ಸಾವಿರವೂ ಇಲ್ಲ. ದುಡ್ಡು ವಾಪಸ್ ಬರಲು ಹದಿನೆಂಟು ವರ್ಷ ಬೇಕು. ಭಾವ ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಬರುವವನು. ನನ್ನ ಡೈರಿ ನೋಡಿದ ಮೇಲೆ ಹೈಬ್ರಿಡ್ ಆಸೆ ಬಿಟ್ಟ. ಸರಿಯಾಗೇ ಮಾಡಿದ ಅಂತೀನಿ.

ಇನ್ನು ರಿಪೇರಿ. ಎಂಟುನೂರಿನ ಕಾಯಿಲೆ ನನಗೆ ಮೂಗಿಗೂ ಕಿವಿಗೂ ಗೊತ್ತಾಗುತ್ತಿತ್ತು. ಪೆಟ್ರೋಲ್ ವಾಸನೆ ಜಾಸ್ತಿ ಬಂದರೆ ಪ್ಲಗ್ ಬಿಚ್ಚಿ ನೋಡುತ್ತಿದ್ದೆ. ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಆರೋಗ್ಯ. ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ. ಬೂದಿಯಂತೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ. ಕಾರ್ಬುರೇಟರಿನ ಒಂದು ಸ್ಕ್ರೂ ಅನ್ನು ಕಾಲು ಸುತ್ತು ಆ ಕಡೆ ಈ ಕಡೆ ತಿರುಗಿಸಿ, ಇಂಜಿನ್ ಸದ್ದು ಸಮವಾಗುವ ತನಕ ಕಿವಿಗೊಟ್ಟು ನಿಲ್ಲುತ್ತಿದ್ದೆ. ಒಂದು ಸಲ ಕ್ಲಚ್ ಕೇಬಲ್ ತುಂಡಾದಾಗ, ಫಸ್ಟ್ ಗೇರ್ ಹಾಕಿ ಕೀ ತಿರುಗಿಸಿ, ಸ್ಟಾರ್ಟರ್ ಮೋಟರಿನ ಬಲದಲ್ಲೇ ಕಾರನ್ನು ಎಬ್ಬಿಸಿ ಮನೆ ಸೇರಿದ್ದೂ ಇದೆ. ಈಗ ಬಂಕುಗಳಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲು. ಹಳೇ ರಬ್ಬರಿಗೆ ಅದು ಒಗ್ಗುವುದಿಲ್ಲ. ಅದಕ್ಕೇ ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಿಸಿದೆ.

ಹೈಬ್ರಿಡ್ಡಿನ ಬಾನೆಟ್ ಎತ್ತಿದಾಗ ನಮ್ಮ ಬೀದಿಯ ಮೆಕ್ಯಾನಿಕ್ಕು ಸುತ್ತ ಬಗ್ಗಿ ನೋಡಿ, "ಡೈನಮೋ ಎಲ್ಲಿ ಸಾರ್?" ಅಂದ. ಇಲ್ಲ. ಸ್ಟಾರ್ಟರ್ ಮೋಟರೂ ಇಲ್ಲ. ಕ್ಲಚ್ಚೂ ಇಲ್ಲ. ಇಂಜಿನ್ನಿನ ಜೊತೆ ಎರಡು ಮೋಟರು, ಮೂರನ್ನೂ ಬೆಸೆಯುವ ಒಂದು ಪ್ಲಾನೆಟರಿ ಗೇರು, ಅಷ್ಟೇ. ಕಿತ್ತಳೆ ಬಣ್ಣದ ದಪ್ಪ ವೈರುಗಳ ಕಡೆ ಅವನು ಕೈ ಚಾಚಿದಾಗ ನಾನೇ ತಡೆದೆ. ಅದು ಜೀವ ತೆಗೆಯುವ ಕರೆಂಟು, ಅದಕ್ಕೆ ತರಬೇತಿ ಪಡೆದವರೇ ಆಗಬೇಕು. ನನ್ನ ಪಾಲಿಗೆ ಉಳಿದ ಕೆಲಸ ಒಂದೇ. ಬ್ಯಾಟರಿಯನ್ನು ತಣ್ಣಗಿಡಲು ಕಾರಿನೊಳಗಿನ ಗಾಳಿಯನ್ನು ಎಳೆದುಕೊಳ್ಳುವ ಜಾಲರಿ ಹಿಂದಿನ ಸೀಟಿನ ಹತ್ತಿರ ಇದೆ. ಅದಕ್ಕೆ ಧೂಳು, ನಾಯಿ ಕೂದಲು ಕಟ್ಟಿಕೊಳ್ಳುತ್ತದೆ. ಎರಡು ತಿಂಗಳಿಗೊಮ್ಮೆ ವ್ಯಾಕ್ಯೂಮ್ ಹಿಡಿಯುತ್ತೇನೆ. ಆ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ. ಒಂಬತ್ತನೇ ವರ್ಷದ ಬಗ್ಗೆ ನಾನು ಸದ್ಯಕ್ಕೆ ಯೋಚಿಸುತ್ತಿಲ್ಲ.

ನನಗೆ ಕೈಕೊಟ್ಟದ್ದು ಆ ಬ್ಯಾಟರಿಯಲ್ಲ, ಇನ್ನೊಂದು ಪುಟ್ಟ 12 ವೋಲ್ಟಿನದ್ದು. ತಪ್ಪು ನನ್ನದೇ. ಮಗಳ ಮನೆಗೆ ಹೋಗುವಾಗ ಒಳಗಿನ ಲೈಟ್ ಆರಿಸದೆ ಹೋಗಿದ್ದೆ. ತಿಂಗಳು ಬಿಟ್ಟು ಬಂದರೆ ರಿಮೋಟಿಗೆ ಬಾಗಿಲೂ ತೆಗೆಯಲಿಲ್ಲ. ರಿಮೋಟಿನೊಳಗೆ ಅಡಗಿಸಿಟ್ಟಿರುವ ಕೀಲಿಕೈ ಎಳೆದು ಬಾಗಿಲು ತೆಗೆದೆ. ಬಟನ್ ಒತ್ತಿದರೆ ಪರದೆ ಕಪ್ಪು. ದೊಡ್ಡ ಬ್ಯಾಟರಿಯಲ್ಲಿ ಕರೆಂಟು ಇದ್ದೇ ಇತ್ತು. ಆದರೆ ಅದನ್ನು ಕಾರಿಗೆ ಜೋಡಿಸುವ ಸ್ವಿಚ್ಚುಗಳೂ ಕಂಪ್ಯೂಟರೂ ಓಡುವುದು ಈ 12 ವೋಲ್ಟಿನಿಂದ.

ಟೋಯಿಂಗಿಗೆ ಫೋನ್ ಮಾಡಲು ಹೊರಟವನು ಪಕ್ಕಕ್ಕೆ ತಿರುಗಿ ನೋಡಿದೆ. ಎಂಟುನೂರು ಕವರ್ ಹೊದ್ದು ನಿಂತಿತ್ತು. ಅದನ್ನು ಮಾತ್ರ ಹೋಗುವಾಗ ಬ್ಯಾಟರಿ ಕಳಚಿಟ್ಟೇ ಹೋಗಿದ್ದೆ. ಮತ್ತೆ ಜೋಡಿಸಿ, ಚೋಕ್ ಎಳೆದು ಕೀ ತಿರುಗಿಸಿದೆ. ಮೂರನೇ ಸಲಕ್ಕೆ ಎದ್ದು ಕೂತಿತು. ಮ್ಯಾನ್ಯುಯಲ್ ನೋಡಿಕೊಂಡು ಪ್ಲಸ್ಸಿಗೆ ಪ್ಲಸ್ ಕೊಟ್ಟು, ಅರ್ತ್ ವೈರನ್ನು ಅದರಲ್ಲಿ ತೋರಿಸಿದ ಲೋಹದ ಜಾಗಕ್ಕೆ ಸಿಕ್ಕಿಸಿ, ಐದು ನಿಮಿಷ ಕಾದೆ. ಹೈಬ್ರಿಡ್ಡಿನ ಇಂಜಿನ್ ತಿರುಗಿಸಲು ಈ ಬ್ಯಾಟರಿ ಬೇಕಿಲ್ಲ, ಕಂಪ್ಯೂಟರ್ ಎಚ್ಚರವಾದರೆ ಸಾಕು. ಎಂಟುನೂರಿನ ಚಿಕ್ಕ ಬ್ಯಾಟರಿಗೆ ಅದೇನು ಮಹಾ! ಬ್ರೇಕ್ ಒತ್ತಿ ಬಟನ್ ಅದುಮಿದೆ. 'ರೆಡಿ' ಅಂತ ಹಸಿರು ಅಕ್ಷರ ಬಂತು. ಎಂಟುನೂರು ಪಕ್ಕದಲ್ಲಿ ಗಡಗಡ ನಡುಗುತ್ತಾ, ಹೊಗೆ ಬಿಡುತ್ತಾ ನಿಂತೇ ಇತ್ತು. ಅದರ ಚೋಕ್ ಒಳಗೆ ತಳ್ಳುವುದನ್ನೇ ಮರೆತಿದ್ದೆ.